ಬೆಳಗಿನ ಜಾವ ಮೂರೂವರೆಯ ಫೋನು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನವೆಂಬರ್ ಮಧ್ಯದಲ್ಲಿ ಒಬ್ಬ ತಾಯಿ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದರು. ಅವರ 16 ವರ್ಷದ ಮಗಳು ವಿದ್ಯಾರ್ಥಿ ವಿನಿಮಯದಲ್ಲಿ ಅಮೆರಿಕದ ಅಯೋವಾ ರಾಜ್ಯದ ಸಣ್ಣ ಊರಿಗೆ ಹೋಗಿದ್ದಾಳೆ. ಆಗಸ್ಟ್‌ನಿಂದ ಒಂದು ಶಾಲಾ ವರ್ಷ. ಅಲ್ಲಿನ ಕುಟುಂಬವೊಂದರ ಮನೆಯಲ್ಲಿ ವಾಸ, ಹತ್ತಿರದ ಹೈಸ್ಕೂಲಿನಲ್ಲಿ ಓದು. ಮೊದಮೊದಲು ಖುಷಿಯ ಫೋಟೊಗಳು ಬರುತ್ತಿದ್ದವು. ಈಗ ದಿನಾ ಅಳು, ವಾಪಸ್ ಬರ್ತೀನಿ ಅನ್ನುವ ಹಟ. ಅಪ್ಪ ಟಿಕೆಟ್ ಹುಡುಕುತ್ತಿದ್ದರು.

ಮೊದಲು ಹುಡುಗಿಯ ಜೊತೆ ವಿಡಿಯೊದಲ್ಲಿ ಒಬ್ಬಳನ್ನೇ ಕೂರಿಸಿ ಮಾತಾಡಿದೆ. ಆ ಮನೆಯಲ್ಲಿ ಯಾರಿಂದಾದರೂ ಭಯವಿದೆಯಾ? ಯಾರಾದರೂ ಮುಟ್ಟುವುದು, ಬೈಯುವುದು? ಹೊಟ್ಟೆ ತುಂಬಾ ಊಟ ಸಿಗುತ್ತಾ? ಇದನ್ನು ಕೇಳದೆ "ಹೊಂದಿಕೊಳ್ಳಮ್ಮ" ಅನ್ನುವುದು ತಪ್ಪು. ಒಂದಕ್ಕೆ ಹೌದು ಅಂದಿದ್ದರೂ ಅವತ್ತೇ ವಿನಿಮಯ ಸಂಸ್ಥೆಯ ಅಲ್ಲಿನ ಸಂಯೋಜಕರಿಗೆ ಫೋನ್ ಮಾಡಿಸುತ್ತಿದ್ದೆ. ಅವರು ತಿಂಗಳಿಗೊಮ್ಮೆಯಾದರೂ ವಿದ್ಯಾರ್ಥಿಯನ್ನು ವಿಚಾರಿಸಲೇಬೇಕೆಂಬ ನಿಯಮವಿದೆ. ಮನೆ ಬದಲಿಸಲೂ ದಾರಿಯಿದೆ, ಅದರಲ್ಲಿ ಅವಮಾನವೇನಿಲ್ಲ.

ಅಂಥದ್ದೇನೂ ಇರಲಿಲ್ಲ. "ಅವರಿಗೆ ನಾನು ಭಾರ ಮೇಡಂ. ಈಗೀಗ ಏನೂ ಕೇಳೋದೇ ಇಲ್ಲ" ಅಂದಳು.

ದಿನಚರಿ ಕೇಳಿದಾಗ ವಿಷಯ ತಿಳಿಯಿತು. ಸಂಜೆ ನಾಲ್ಕಕ್ಕೆ ಶಾಲೆಯಿಂದ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡು ಅಮ್ಮನಿಗೆ ಫೋನ್. ಆಗ ನಮ್ಮಲ್ಲಿ ಬೆಳಗಿನ ಜಾವ ಮೂರೂವರೆ. ತಾಯಿ ಅಲಾರಂ ಇಟ್ಟು ಎದ್ದು ಕಾಯುತ್ತಿದ್ದರು. ನವೆಂಬರ್‌ನಲ್ಲಿ ಅಲ್ಲಿ ಐದಕ್ಕೇ ಕತ್ತಲು. ಆರಕ್ಕೆ ಊಟಕ್ಕೆ ಕರೆಯುವ ಹೊತ್ತಿಗೆ ಅತ್ತು ಸುಸ್ತಾಗಿರುತ್ತಿದ್ದಳು, ಹಸಿವಿಲ್ಲ ಅನ್ನುತ್ತಿದ್ದಳು. ಆ ಮನೆಯವರು ಪಾಪ, ಇನ್ನೆಷ್ಟು ಸಲ ಕರೆದಾರು?

ತಾಯಿ ಅಂದುಕೊಂಡಿದ್ದು ಬೇರೆ: "ದುಡ್ಡು ತಗೋತಾರಲ್ಲ, ನೋಡ್ಕೋಬೇಕು ತಾನೇ?" ಇಂಥ ವಿನಿಮಯದಲ್ಲಿ ಅಲ್ಲಿನ ಕುಟುಂಬಗಳು ದುಡ್ಡು ತೆಗೆದುಕೊಳ್ಳುವುದಿಲ್ಲ. ಇಷ್ಟಪಟ್ಟೇ ಮಗುವನ್ನು ಕರೆಸಿಕೊಂಡವರು. ಇದನ್ನು ಕೇಳಿ ತಾಯಿ ಸ್ವಲ್ಪ ಹೊತ್ತು ಸುಮ್ಮನಾದರು.

ಅವರಿಗೆ ಹೇಳಿದ್ದು ಇಷ್ಟು. ದೊಡ್ಡ ಮಾತುಕತೆ ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ ಎಂಟಕ್ಕೆ. ಅವಳಿಗೆ ಅದು ಶನಿವಾರ ರಾತ್ರಿ, ಮರುದಿನ ಶಾಲೆಯಿಲ್ಲ. ನಡುವೆ ಮೆಸೇಜ್ ಬಂದರೆ ನಿಮ್ಮ ಹಗಲಲ್ಲಿ ಉತ್ತರಿಸಿ. ಜನವರಿ ಮಧ್ಯದವರೆಗೆ ಟಿಕೆಟ್ ಮಾತೇ ಬೇಡ.

"ಮಗು ಅಳ್ತಿದ್ರೆ ಫೋನ್ ಎತ್ತಬಾರದಾ ಮೇಡಂ?"

"ಅಪಾಯ ಅಂದ್ರೆ ಯಾವ ಹೊತ್ತಲ್ಲಾದರೂ ಎತ್ತಿ. ಆದ್ರೆ ದಿನದ ದುಃಖವೆಲ್ಲ ನಿಮ್ಮ ಹತ್ರವೇ ಖಾಲಿಯಾದ್ರೆ, ಗೋಡೆಯಾಚೆ ಇರೋರಿಗೆ ಗೊತ್ತಾಗೋದು ಹೇಗೆ, ಅಲ್ವಾ?"

ವರ್ಷ ಹಾಳಾಗುತ್ತದೆ ಎಂಬ ಅಪ್ಪನ ಚಿಂತೆಗೆ ಉತ್ತರ ಸುಲಭ. ಇಲ್ಲಿ ಪಿಯುಸಿ ತರಗತಿ ಶುರುವಾಗಿ ತಿಂಗಳುಗಳೇ ಆಗಿವೆ. ಈಗ ಬಂದರೂ ಆ ವರ್ಷ ಸಿಗುವುದಿಲ್ಲ.

ಹುಡುಗಿಗೆ ಹೇಳಿದೆ: ನಾಲ್ಕರಿಂದ ಆರರವರೆಗೆ ಅಡುಗೆಮನೆ ಟೇಬಲ್ ಮೇಲೆ ಹೋಂವರ್ಕ್ ಮಾಡು. ಮನೆ ನೆನಪಾಗುತ್ತೆ ಅಂತ ಆ ಮನೆಯ ಅಮ್ಮನಿಗೆ ನೀನೇ ಬಾಯಿಬಿಟ್ಟು ಹೇಳು. ಸಸ್ಯಾಹಾರ ಅಂದರೆ ಬರೀ ಚೀಸ್ ಪಿಜ್ಜಾ ಅಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಒಂದು ದಿನ ಚಿತ್ರಾನ್ನ ಮಾಡು. ಬಡವರಿಗೆ ದಿನಸಿ ಹಂಚುವ ಕೇಂದ್ರಕ್ಕೆ ಇಷ್ಟು ಗಂಟೆ ಸಮಾಜಸೇವೆ ಮಾಡಬೇಕೆಂಬ ಲೆಕ್ಕ ತುಂಬಿಸಲು ಮಾತ್ರ ಅವಳು ಹೋಗುತ್ತಿದ್ದಳು. ಅಲ್ಲಿ ನಿನ್ನದೇ ಅಂತ ಒಂದು ಕೆಲಸ ಕೇಳಿಕೋ ಅಂದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ನವೆಂಬರ್‌ನ ನಾಲ್ಕನೇ ಗುರುವಾರ. ಅದಕ್ಕೆ ಮುಂಚೆ ಅಲ್ಲಿ ಕೈ ಎಷ್ಟಿದ್ದರೂ ಸಾಲದು.

ಜನವರಿಗೆ ಅವಳೇ ಟಿಕೆಟ್ ಬೇಡ ಅಂದಳು. ಚಳಿ ಈಗಲೂ ಇಷ್ಟವಿಲ್ಲ. ತಾಯಿಗೆ ಮಾತ್ರ ಇನ್ನೂ ಮೂರೂವರೆಗೆ ಎಚ್ಚರವಾಗುತ್ತದೆ. ಅವರ ಜೊತೆ ಮಾತುಕತೆ ಮುಂದುವರಿದಿದೆ.