ಇಲ್ಲದ ಮೂರು ವರ್ಷ

ನಾನು ಆಪ್ತಸಲಹೆಗಾರ್ತಿ. ಸಾಫ್ಟ್‌ವೇರ್ ಕೆಲಸ ಹುಡುಕುತ್ತಾ ಬೆಂಗಳೂರಿನ ಪಿಜಿಗಳಲ್ಲಿ ಇರುವ ಹುಡುಗ ಹುಡುಗಿಯರು ನನ್ನ ಬಳಿ ಮೊದಲು ಬರುವುದು ನಿದ್ದೆ ಬರಲ್ಲ, ಊಟ ಸೇರಲ್ಲ, ಊರಿಗೆ ಹೋಗೋಕೆ ಮುಖ ಇಲ್ಲ ಅಂತ. ಒಂದೆರಡು ಸಲ ಕೂತು ಮಾತಾಡಿದ ಮೇಲೆ ನಿಜವಾದ ಪ್ರಶ್ನೆ ಹೊರಗೆ ಬರುತ್ತದೆ. ‘ಮೇಡಂ, ಒಂದು ಕನ್ಸಲ್ಟೆನ್ಸಿ ಇದೆ. ದುಡ್ಡು ಕೊಟ್ರೆ ಎಕ್ಸ್‌ಪೀರಿಯನ್ಸ್ ಹಾಕಿ ಕೊಡ್ತಾರಂತೆ. ಹಾಕಿಸ್ಲಾ?’ ಅಂದರೆ ಮಾಡದ ಕೆಲಸದ ಅನುಭವಕ್ಕೆ ನಕಲಿ ದಾಖಲೆ. 2023ರಲ್ಲಿ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆ ಮಾಡಿದ ಮೇಲೆ ಈ ಪ್ರಶ್ನೆ ಜಾಸ್ತಿ ಆಗಿದೆ. ಹಾಗಾಗಿ ಒಂದು ಪ್ರಕರಣ ಬರೆಯುತ್ತಿದ್ದೇನೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ಹುಡುಗನ ಒಪ್ಪಿಗೆಯೂ ಇದೆ.

ಅವನನ್ನು ಕಿರಣ ಅಂತ ಕರೆಯೋಣ. ಹಳೇ ಮೈಸೂರು ಕಡೆಯ ಹಳ್ಳಿ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. 2023ರಲ್ಲಿ ವಿಟಿಯು ಅಡಿಯ ಕಾಲೇಜಿನಿಂದ ಕಂಪ್ಯೂಟರ್ ಸೈನ್ಸ್ ಮುಗಿಸಿದ್ದ. ಕ್ಯಾಂಪಸ್‌ಗೆ ಕಂಪನಿಗಳು ಬಂದದ್ದೇ ಕಡಿಮೆ. ಮಾರತ್ತಹಳ್ಳಿಯಲ್ಲಿ ಪಿಜಿ, ಅಲ್ಲೇ ಜಾವಾ ಫುಲ್ ಸ್ಟ್ಯಾಕ್ ಕೋರ್ಸು. ಎರಡು ಹಸು, ಒಂದಿಷ್ಟು ರಾಗಿ ಹೊಲ ಇರುವ ಮನೆಯಿಂದ ತಿಂಗಳು ತಿಂಗಳು ದುಡ್ಡು ಬರುತ್ತಿತ್ತು. ಅಪ್ಪ ಫೋನ್ ಮಾಡಿದಾಗ ‘ಆಯ್ತೇನಪ್ಪಾ?’ ಅಂತ ಕೇಳುವುದನ್ನೂ ಬಿಟ್ಟಿದ್ದರು. ಅದೇ ಅವನಿಗೆ ಹೆಚ್ಚು ನೋವು ಕೊಡುತ್ತಿತ್ತು. ಮೊದಲ ದಿನವೇ ‘ನೀವು ಅನ್ಬೇಡಿ ಮೇಡಂ, ನೀನು ಅನ್ನಿ’ ಅಂದ. ಹಾಗೇ ಕರೆದೆ.

ತಯಾರಿಯಲ್ಲಿ ಅವನು ಸೋಮಾರಿ ಅಲ್ಲವೇ ಅಲ್ಲ. ಇಂಟರ್‌ವ್ಯೂ ತಯಾರಿಗೆ ಅಂತ ಇರುವ ಬ್ಲೈಂಡ್ 75 ಅನ್ನುವ ಪಟ್ಟಿಯ ಕೋಡಿಂಗ್ ಲೆಕ್ಕಗಳೆಲ್ಲ ಅವನಿಗೆ ಬಾಯಿಪಾಠ. ಆದರೆ ಇಂಟರ್‌ವ್ಯೂ ಮಾಡುವವರು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ನಾಲಿಗೆ ನಿಂತು ಹೋಗುತ್ತಿತ್ತು. ಒಂದು ಕಡೆ ‘ಟೂ ಸಮ್’ ಕೇಳಿದ್ದರು. ಒಂದಿಷ್ಟು ಸಂಖ್ಯೆ ಕೊಟ್ಟು, ಕೂಡಿದರೆ ಹೇಳಿದ ಮೊತ್ತ ಬರುವ ಎರಡನ್ನು ಹುಡುಕುವ ಲೆಕ್ಕ ಅದು. ಇವನು ಒಂದು ಮಾತೂ ಆಡದೆ ಹ್ಯಾಷ್ ಮ್ಯಾಪ್ (ಒಂದು ಕೀ ಕೊಟ್ಟರೆ ಅದಕ್ಕೆ ಸೇರಿದ ಮಾಹಿತಿ ತಕ್ಷಣ ಸಿಗುವ ಪಟ್ಟಿ) ಬಳಸಿ ಎರಡು ನಿಮಿಷದಲ್ಲಿ ಬರೆದುಬಿಟ್ಟ. ಅವರು ‘ಒಂದೇ ಸಂಖ್ಯೆ ಎರಡು ಸಲ ಬಂದರೆ?’ ಅಂದರು. ಇವನಿಗೆ ಉತ್ತರ ಬರಲಿಲ್ಲ. ಹೊರಗೆ ಬಂದು ‘ನನಗೆ ತಲೆ ಇಲ್ಲ’ ಅಂತ ತೀರ್ಮಾನ ಮಾಡಿಕೊಂಡ.

ಅಷ್ಟರಲ್ಲಿ ಪಿಜಿಯ ರೂಮ್‌ಮೇಟ್‌ಗೆ ಕೆಲಸ ಸಿಕ್ಕಿತು, ಇಲ್ಲದ ಮೂರು ವರ್ಷದ ಅನುಭವ ತೋರಿಸಿ. ಕಿರಣನೂ ಅದೇ ಕನ್ಸಲ್ಟೆನ್ಸಿಗೆ ಹೋದ. ಒಂದೂವರೆ ಲಕ್ಷ ಅಂದರು. ಅದರಲ್ಲಿ ಆಫರ್ ಲೆಟರ್, ಪೇಸ್ಲಿಪ್, ರಿಲೀವಿಂಗ್ ಲೆಟರ್ ಎಲ್ಲ ಸೇರಿತ್ತು. ಮುಂಗಡವಾಗಿ ಒಂದಿಷ್ಟು ಕೊಟ್ಟಾಗ ಇಂಟರ್‌ವ್ಯೂ ತಯಾರಿಗೆ ಅಂತ ಒಂದು ಪಿಡಿಎಫ್ ಕಳಿಸಿದರು. ಒಂದು ಬ್ಯಾಂಕಿಂಗ್ ಪ್ರಾಜೆಕ್ಟು, ತಂಡದಲ್ಲಿ ಎಷ್ಟು ಜನ, ಸ್ಪ್ರಿಂಟ್ (ಕೆಲಸದ ಒಂದು ಸುತ್ತು) ಎಷ್ಟು ವಾರದ್ದು, ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಏನು ಮಾತಾಡುತ್ತಿದ್ದರು, ಪ್ರತಿಯೊಂದಕ್ಕೂ ಪ್ರಶ್ನೋತ್ತರ. ಉಳಿದ ದುಡ್ಡಿಗೆ ಅಪ್ಪ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಲು ಹೊರಟಿದ್ದರು. ‘ಒಂದು ಕೋರ್ಸಿಗೆ ಅಂತ ಹೇಳಿದೀನಿ’ ಅಂದ.

ಈ ಹಂತದಲ್ಲಿ ಅವನು ನನ್ನನ್ನು ಕೇಳಿದ್ದು ಸಲಹೆಯನ್ನಲ್ಲ. ‘ಮೇಡಂ, ನೀವು ಎಚ್‌ಆರ್ ಥರ ಪ್ರಶ್ನೆ ಕೇಳಿ. ಹೆದರಿಕೆ ಹೋಗಲಿ’ ಅಂದ. ನಾನು ಒಪ್ಪಿದೆ.

ಪ್ರಾಜೆಕ್ಟ್ ಬಗ್ಗೆ ಹೇಳು ಅಂದೆ. ಇಂಗ್ಲಿಷ್‌ನಲ್ಲಿ ಶುರು ಮಾಡಿದ. ಅಷ್ಟು ನಿರರ್ಗಳವಾಗಿ ಅವನು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಣ್ಣು ಮಾತ್ರ ಗೋಡೆ ಮೇಲಿತ್ತು. ಮುಗಿದ ಮೇಲೆ ಕನ್ನಡದಲ್ಲೇ ಸುಮ್ನೆ ಒಂದೆರಡು ಕೇಳಿದೆ. ‘ಆ ಮೂರು ವರ್ಷದಲ್ಲಿ ನಿನ್ನಿಂದ ಆದ ದೊಡ್ಡ ತಪ್ಪು ಯಾವುದು? ಅದನ್ನ ಯಾರು ಕಂಡುಹಿಡಿದ್ರು? ಮಧ್ಯಾಹ್ನ ಊಟಕ್ಕೆ ಯಾರ ಜೊತೆ ಕೂರ್ತಿದ್ದೆ?’

ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ ಅಂದ: ‘ಅದು ಪಿಡಿಎಫ್‌ನಲ್ಲಿ ಇಲ್ಲ ಮೇಡಂ.’

ಅವನನ್ನು ಸಿಕ್ಕಿಹಾಕಿಸಬೇಕು ಅಂತ ಕೇಳಿದ್ದಲ್ಲ. ಕೆಲಸ ಮಾಡಿದ ಮನುಷ್ಯನ ಬಳಿ ಇಂಥ ನೆನಪುಗಳು ಇದ್ದೇ ಇರುತ್ತವೆ. ಅನುಭವಿ ಇಂಜಿನಿಯರ್ ಎದುರು ಕೂತರೆ ಹುಡುಕುವುದೂ ಇವನ್ನೇ. ನಾನು ಪಿಡಿಎಫ್ ಪಕ್ಕಕ್ಕಿಡಲು ಹೇಳಿ ಬೇರೆ ಕೇಳಿದೆ. ‘ಮಾರ್ಕ್ಸಿಗೆ ಅಲ್ಲ, ಸರ್ಟಿಫಿಕೇಟಿಗೂ ಅಲ್ಲ. ಯಾರಿಗಾದ್ರೂ ಉಪಯೋಗ ಆಗೋ ಥರ ಏನಾದ್ರೂ ಪ್ರೋಗ್ರಾಮ್ ಬರೆದಿದ್ದೀಯಾ?’

‘ಅಂಥದ್ದೇನಿಲ್ಲ ಮೇಡಂ. ಡೇರಿದೊಂದು ಇತ್ತು. ಅದು ಲೆಕ್ಕಕ್ಕಿಲ್ಲ.’

ಲೆಕ್ಕಕ್ಕಿಲ್ಲದ್ದನ್ನೇ ಹೇಳು ಅಂದೆ. 2020ರ ಲಾಕ್‌ಡೌನ್‌ನಲ್ಲಿ ಕಾಲೇಜು ಮುಚ್ಚಿ ಇವನು ಊರಲ್ಲಿದ್ದ. ಸೋದರಮಾವ ಹಾಲಿನ ಡೇರಿಯ ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಹಾಲು ಹಾಕುವವರ ಲೀಟರ್, ಫ್ಯಾಟ್ (ಹಾಲಿನ ಕೊಬ್ಬಿನಂಶ) ಎಲ್ಲ ರಿಜಿಸ್ಟರ್‌ನಲ್ಲಿ ಬರೆಯುವುದು, ಬಟವಾಡೆ ದಿನ ಕ್ಯಾಲ್ಕುಲೇಟರ್ ಹಿಡಿದು ರಾತ್ರಿಯೆಲ್ಲ ಕೂಡುವುದು. ಇವನು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟ. ಸದಸ್ಯರ ನಂಬರ್ ಹಾಕಿದರೆ ಬಿಲ್ ಬರುವ ಹಾಗೆ, ಹಿಂಡಿ ತಗೊಂಡಿದ್ದರೆ ಅದರ ದುಡ್ಡು ಕಳೆಯುವ ಹಾಗೆ.

ಮೊದಲ ಬಟವಾಡೆಗೇ ಜಗಳ ಆಯಿತಂತೆ. ಒಬ್ಬ ಅಜ್ಜಿಗೆ ದುಡ್ಡು ಕಡಿಮೆ ಬಂದಿತ್ತು. ನೋಡಿದರೆ ಅಜ್ಜಿ ಬೆಳಿಗ್ಗೆ ಮೂರು ಲೀಟರ್ ಹಾಕಿ ಹೋಗುತ್ತಿದ್ದರು. ಆಮೇಲೆ ಮಗ ಇನ್ನೊಂದು ಹಸುವಿನ ಹಾಲು ಕರೆದು, ಅದೇ ನಂಬರಿಗೆ ಐದು ಲೀಟರ್ ತರುತ್ತಿದ್ದ. ಪ್ರೋಗ್ರಾಮ್‌ನಲ್ಲಿ ಎರಡನೆಯದು ಬಂದ ಕೂಡಲೇ ಮೊದಲನೆಯದು ಅಳಿಸಿ ಹೋಗುತ್ತಿತ್ತು. ಸರಿ, ಎರಡನ್ನೂ ಇಟ್ಟುಕೊಳ್ಳುವ ಹಾಗೆ ಬದಲಿಸಿದ. ಈಗ ಫ್ಯಾಟ್ ತಪ್ಪು. ಅಜ್ಜಿಯ ಹಾಲಿಗೆ 4.0, ಮಗ ತಂದದ್ದಕ್ಕೆ 3.6. ಎರಡನ್ನೂ ಕೂಡಿ ಅರ್ಧ ಮಾಡಿದರೆ 3.8 ಬರುತ್ತದೆ. ‘ಹಂಗೆ ಮಾಡಂಗಿಲ್ಲ ಮೇಡಂ. ಲೀಟರ್ ಬೇರೆ ಬೇರೆ ಅಲ್ವಾ?’ ಅಂದವನೇ ನನ್ನ ಟೇಬಲ್ ಮೇಲಿದ್ದ ಪೆನ್ನು ತಗೊಂಡ. ಮೂರು ನಾಲ್ಕಲ ಹನ್ನೆರಡು. ಐದು ಲೀಟರಿಗೆ 3.6ರ ಹಾಗೆ ಹದಿನೆಂಟು. ಒಟ್ಟು ಮೂವತ್ತನ್ನು ಎಂಟು ಲೀಟರಿಂದ ಭಾಗಿಸಿದರೆ 3.75. ‘ಎಂಟು ಲೀಟರಿಗೆ ಇಷ್ಟೇ ಇಷ್ಟು ವ್ಯತ್ಯಾಸ. ಆದ್ರೆ ಊರವರಿಗೆಲ್ಲ ಹಂಗೇ ಮಾಡಿದ್ರೆ ಡೇರಿ ಲೆಕ್ಕ ತಾಳೆ ಆಗಲ್ಲ, ಮಾವ ಕೈಯಿಂದ ಕಟ್ಟಬೇಕಾಗ್ತಿತ್ತು.’

ಈಗ ಕಣ್ಣು ಗೋಡೆ ಮೇಲೆ ಇರಲಿಲ್ಲ. ಸಾಫ್ಟ್‌ವೇರ್ ನನ್ನ ಕ್ಷೇತ್ರ ಅಲ್ಲ. ಆದರೂ ಅವನು ಹೇಳಿದ್ದೆಲ್ಲ ನನಗೆ ಅರ್ಥ ಆಗಿತ್ತು. ‘ಆ ಅಜ್ಜಿಯ ನಂಬರ್ ಎರಡು ಸಲ ಬಂದಾಗ ಮೊದಲನೆಯದು ಯಾಕೆ ಅಳಿಸಿ ಹೋಯಿತು?’ ಅಂತ ಕೇಳಿದೆ. ‘ಡಿಕ್ಷನರಿ, ಅಂದ್ರೆ ಪೈಥಾನ್‌ನ ಹ್ಯಾಷ್ ಮ್ಯಾಪ್. ಅದರಲ್ಲಿ ಒಂದು ಕೀಗೆ ಒಂದೇ…’ ಅಂದವನು ಅಲ್ಲಿಗೇ ನಿಲ್ಲಿಸಿದ. ಹಾಳೆ ನೋಡಿದ, ನನ್ನನ್ನು ನೋಡಿದ. ‘ಮೇಡಂ, ಟೂ ಸಮ್‌ನಲ್ಲಿ ಅವರು ಕೇಳಿದ್ದು ಇದನ್ನೇ. ಮೂರು ಅನ್ನೋ ಸಂಖ್ಯೆ ಎರಡು ಸಲ ಬಂದು, ಮೊತ್ತ ಆರು ಬೇಕು ಅಂದ್ರೆ? ಮೊದಲೇ ಎಲ್ಲಾನೂ ಮ್ಯಾಪ್‌ಗೆ ತುಂಬಿದ್ರೆ ಒಂದು ಅಳಿಸಿ ಹೋಗುತ್ತೆ. ಹಾಕೋ ಮುಂಚೆ ಜೋಡಿ ಇದೆಯಾ ಅಂತ ನೋಡ್ಬೇಕು. ಅಷ್ಟೇ!’

ಆ ಉತ್ತರ ಅವನಿಗೆ 2020ರಿಂದಲೂ ಗೊತ್ತಿತ್ತು. ಇಂಟರ್‌ವ್ಯೂಗೆ ಹೋಗುವಾಗ ಹಳ್ಳಿ, ಡೇರಿ, ಮಾವ, ಕನ್ನಡ ಎಲ್ಲವನ್ನೂ ಪಿಜಿಯಲ್ಲೇ ಬಿಟ್ಟು ಹೋಗಬೇಕು ಅಂದುಕೊಂಡಿದ್ದ. ಅವುಗಳ ಜೊತೆಗೆ ತನ್ನ ಬುದ್ಧಿಯನ್ನೂ ಬಿಟ್ಟು ಹೋಗುತ್ತಿದ್ದ.

ಅವತ್ತೇ ನಾನು ನೇರವಾಗಿ ಹೇಳಿದೆ: ಆ ಮೂರು ವರ್ಷ ಹಾಕಿಸಬೇಡ. ಕೊಟ್ಟ ಮುಂಗಡ ಹೋದರೆ ಹೋಗಲಿ. ಅಪ್ಪನಿಗೆ ಇವತ್ತೇ ಫೋನ್ ಮಾಡಿ ಸಾಲ ಬೇಡ ಅನ್ನು, ಯಾಕೆ ಅಂತಲೂ ಹೇಳು.

ಆಪ್ತಸಲಹೆಗಾರರು ಹೀಗೆ ‘ಮಾಡಬೇಡ’ ಅನ್ನಬಾರದು, ನಿರ್ಧಾರ ಅವರದ್ದೇ ಆಗಿರಬೇಕು ಅಂತ ನನ್ನ ವೃತ್ತಿಯ ಕೆಲವರು ಹೇಳುತ್ತಾರೆ. ಮದುವೆ, ಸಂಬಂಧಗಳ ವಿಷಯದಲ್ಲಿ ನಾನೂ ಹಾಗೇ ನಡೆದುಕೊಳ್ಳುತ್ತೇನೆ. ಆದರೆ ಎದುರಿಗಿರುವವನಿಗೆ ಅಪಾಯ ಎಷ್ಟು ಅಂತ ಗೊತ್ತೇ ಇಲ್ಲದಿದ್ದಾಗ ಸುಮ್ಮನೆ ಕೂತರೆ ಅದು ಗೌರವ ಅಲ್ಲ, ಕೈತೊಳೆದುಕೊಳ್ಳುವುದು. ಕಿರಣನಿಗೆ ಪಿಎಫ್ ದಾಖಲೆ ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ. ಪಿಎಫ್ ಇರುವ ಪ್ರತಿಯೊಬ್ಬ ನೌಕರನಿಗೂ ಯುಎಎನ್ ಅಂತ ಒಂದೇ ನಂಬರ್ ಇರುತ್ತದೆ. 2014ರಿಂದ ಈ ಪದ್ಧತಿ ಇದೆ. ಯಾವ ಕಂಪನಿಗೆ ಯಾವತ್ತು ಸೇರಿದ, ಯಾವತ್ತು ಬಿಟ್ಟ ಅನ್ನುವುದು ಅದರಲ್ಲಿ ಕಾಣುತ್ತದೆ. ಸಂಬಳದಲ್ಲಿ ತೆರಿಗೆ ಹಿಡಿದಿದ್ದರೆ ಅದು ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಇರುತ್ತದೆ. ಹಿನ್ನೆಲೆ ಪರಿಶೀಲನೆ ಮಾಡುವವರು ಇವನ್ನೆಲ್ಲ ಕೇಳಬಹುದು. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ನಕಲಿ ದಾಖಲೆಯನ್ನು ಅಸಲಿ ಅಂತ ಕೊಡುವುದು ಕಾನೂನಿನ ಪ್ರಕಾರ ಅಪರಾಧವೂ ಹೌದು. ಅಪ್ಪನ ಸಾಲ ಮಾತ್ರ ಉಳಿದೇ ಉಳಿಯುತ್ತದೆ.

‘ಸಿಗದೇ ಇದ್ರೆ? ನನ್ನ ರೂಮ್‌ಮೇಟ್ ಸಿಕ್ಕಿಬಿದ್ದಿಲ್ಲವಲ್ಲ?’ ಅಂದ. ನ್ಯಾಯವಾದ ಪ್ರಶ್ನೆ. ಸಿಗದೇ ಇರುವವರು ಇದ್ದಾರೆ. ಅವರಲ್ಲಿ ಕೆಲವರು ಕೆಲಸಕ್ಕೆ ಸೇರಿದ ಮೇಲೆ ನನ್ನ ಬಳಿ ಬರುತ್ತಾರೆ. ಎಚ್‌ಆರ್‌ನಿಂದ ಒಂದು ಮೇಲ್ ಬಂದರೆ ಹೊಟ್ಟೆ ಕಲಸುತ್ತದೆ. ಮೂರು ವರ್ಷ ಕೆಲಸ ಮಾಡಿದವನು ಅಂತ ಸೇರಿರುವುದರಿಂದ, ಗೊತ್ತಿಲ್ಲದ್ದನ್ನು ಪಕ್ಕದವರ ಹತ್ತಿರ ಕೇಳುವ ಹಾಗಿಲ್ಲ. ಹೊಸಬನಿಗೆ ಕಲಿಯಲು ಸಿಗುವ ಆ ಒಂದೆರಡು ವರ್ಷದ ರಿಯಾಯಿತಿಯನ್ನು ಅವರು ದುಡ್ಡು ಕೊಟ್ಟು ಕಳೆದುಕೊಂಡಿರುತ್ತಾರೆ. ಇಂಟರ್‌ವ್ಯೂ ಕೂಡ ಕಷ್ಟ ಆಗುತ್ತದೆ. ಹೊಸಬನಿಗೆ ಸಾಮಾನ್ಯವಾಗಿ ಕೇಳದ ಸಿಸ್ಟಮ್ ಡಿಸೈನ್ (ದೊಡ್ಡ ಸಾಫ್ಟ್‌ವೇರ್‌ನ ಒಟ್ಟು ರಚನೆ), ಪ್ರೊಡಕ್ಷನ್‌ನಲ್ಲಿ ಅಂದರೆ ಜನ ಬಳಸುತ್ತಿರುವ ಸಾಫ್ಟ್‌ವೇರ್‌ನಲ್ಲಿ ಬಂದ ತೊಂದರೆಗಳು, ಎಲ್ಲವನ್ನೂ ಮೂರು ವರ್ಷದವನಿಗೆ ಕೇಳಬಹುದು.

‘ಬಡವರ ಮಕ್ಕಳಿಗೆ ಮಾತ್ರ ನೀತಿನಾ?’ ಅಂತ ಒಬ್ಬ ತಾಯಿ ನನ್ನ ಮುಖಕ್ಕೇ ಕೇಳಿದ್ದಾರೆ. ಆಕೆಯ ಸಿಟ್ಟು ನನಗೆ ಅರ್ಥ ಆಗುತ್ತದೆ. ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ ಅನ್ನುವ ಗೋಡೆಯನ್ನು ಈ ಮಕ್ಕಳು ಕಟ್ಟಿಲ್ಲ. ಆದರೆ ಆ ಗೋಡೆ ತೋರಿಸಿ ಲಕ್ಷಗಟ್ಟಲೆ ಕಿತ್ತುಕೊಳ್ಳುವವರು ಬಡವರ ಪರ ಇರುವವರಲ್ಲ. ಮಗ ಸಿಕ್ಕಿಬಿದ್ದ ದಿನ ಅವರ ಫೋನ್ ಸ್ವಿಚ್ ಆಫ್ ಆಗಿರುತ್ತದೆ. ಕೈಯಲ್ಲಿ ಏನೂ ಇಲ್ಲದ ಮನೆಯಿಂದ ಬಂದವನಿಗೇ ಈ ಜೂಜು ಹೆಚ್ಚು ದುಬಾರಿ, ಅದಕ್ಕೇ ನಾನು ಬೇಡ ಅನ್ನುವುದು.

ಬೇಡ ಅಂದಷ್ಟಕ್ಕೆ ನನ್ನ ಕೆಲಸ ಮುಗಿಯುವುದಿಲ್ಲ, ಬೇರೆ ದಾರಿಯನ್ನೂ ಹೇಳಬೇಕು. ಸಾಫ್ಟ್‌ವೇರ್‌ನಲ್ಲಿ ಇಂಟರ್‌ವ್ಯೂ ಮಾಡುವ ಗೆಳತಿಯೊಬ್ಬರ ಜೊತೆ ಮಾತಾಡಿ ಕಿರಣನಿಗೆ ಕೆಲವು ಬದಲಾವಣೆ ಹೇಳಿದೆ. ಹೊಸ ಲೆಕ್ಕ ಹುಡುಕುವುದನ್ನು ಕಡಿಮೆ ಮಾಡಿ, ಗೊತ್ತಿರುವ ಲೆಕ್ಕವನ್ನೇ ಬಾಯಿಬಿಟ್ಟು ಬಿಡಿಸುವುದು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡು. ಪ್ರಶ್ನೆ ಕೇಳಿದ ಕೂಡಲೇ ಕೋಡ್ ಬರೆಯಬಾರದು. ‘ಸಂಖ್ಯೆಗಳು ಎರಡು ಸಲ ಬರಬಹುದಾ? ಪಟ್ಟಿ ಖಾಲಿ ಇರಬಹುದಾ?’ ಅಂತ ಕೇಳಬೇಕು. ಮೊದಲು ಎಲ್ಲ ಜೋಡಿಯನ್ನೂ ಒಂದೊಂದಾಗಿ ನೋಡುವ ನಿಧಾನದ ದಾರಿ ಹೇಳಿ, ಅದು ಯಾಕೆ ನಿಧಾನ ಅಂತ ವಿವರಿಸಿ, ಆಮೇಲೆ ಹ್ಯಾಷ್ ಮ್ಯಾಪ್‌ಗೆ ಬರಬೇಕು. ನೇರವಾಗಿ ಕೊನೆಯ ಉತ್ತರ ಬರೆದರೆ ಬಾಯಿಪಾಠ ಅಂತ ಎದುರಿನವರಿಗೆ ಅನುಮಾನ ಬರುತ್ತದೆ ಅಂದರು ಗೆಳತಿ.

ರೆಸ್ಯೂಮೆಯಲ್ಲಿ ಡೇರಿ ಪ್ರೋಗ್ರಾಮ್ ಮೊದಲ ಪ್ರಾಜೆಕ್ಟ್ ಆಯಿತು. ಅದನ್ನೇ ಜಾವಾದಲ್ಲಿ, ಡೇಟಾಬೇಸ್ ಇಟ್ಟು ಮತ್ತೆ ಬರೆದ. 2023ರಿಂದ ಈಚೆಗಿನ ಗ್ಯಾಪ್ ಬಗ್ಗೆ ಕೇಳಿದರೆ ಏನು ಹೇಳಲಿ ಅಂತ ಹೆದರಿದ್ದ. ಇದ್ದದ್ದನ್ನು ಇದ್ದ ಹಾಗೆ ಎರಡು ವಾಕ್ಯದಲ್ಲಿ ಹೇಳು, ಕ್ಷಮೆ ಕೇಳುವ ದನಿ ಬೇಡ ಅಂದೆ. ನಿದ್ದೆ ಕೆಟ್ಟು ಮನಸ್ಸು ತೀರಾ ಕುಗ್ಗಿದ ರಾತ್ರಿ ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡು ಅಂತ ನಂಬರ್ ಕೊಟ್ಟೆ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಅಪ್ಪನಿಗೆ ಅವನು ಎರಡು ದಿನ ತಡ ಮಾಡಿ ಹೇಳಿದ. ಅವರು ಬೈಯ್ಯಲಿಲ್ಲವಂತೆ. ‘ಸಾಲದ ಕಾಗದಕ್ಕೆ ಇನ್ನೂ ಸೈನ್ ಹಾಕಿಲ್ಲ ಬಿಡು’ ಅಂದರಂತೆ. ಮುಂಗಡ ವಾಪಸ್ ಬರಲಿಲ್ಲ.

ಕೂಡಲೇ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಅದಾದ ಮೇಲೂ ಹಲವು ಕಡೆ ಆಗಲಿಲ್ಲ. ಒಂದು ಕಡೆಯಂತೂ ಮೂರು ರೌಂಡ್ ಮುಗಿಸಿ ಕೊನೆಗೆ ಉತ್ತರವನ್ನೇ ಕೊಡಲಿಲ್ಲ. ಆಗ ಅವನಿಗೆ ನನ್ನ ಮೇಲೂ ಸಿಟ್ಟು ಬಂದಿತ್ತು, ಬಂದು ಹೇಳಿಯೂ ಹೋದ. ಕೊನೆಗೆ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಸಿಕ್ಕಿತು. ಸಂಬಳ ರೂಮ್‌ಮೇಟ್‌ನ ಅರ್ಧವೂ ಇಲ್ಲ. ಅದು ಅವನಿಗೆ ಈಗಲೂ ಚುಚ್ಚುತ್ತದೆ. ಚುಚ್ಚಬಾರದು ಅಂತ ನಾನೂ ಹೇಳುವುದಿಲ್ಲ. ಆ ಇಂಟರ್‌ವ್ಯೂನಲ್ಲಿ ಹೆಚ್ಚು ಹೊತ್ತು ಮಾತು ನಡೆದದ್ದು ಅಜ್ಜಿಯ ಬಿಲ್ ಬಗ್ಗೆ ಅಂತ ಮಾತ್ರ ಹೇಳಿದ. ಈಗ ಡೆವಲಪ್‌ಮೆಂಟ್‌ಗೆ ಹೋಗಲು ಮತ್ತೆ ತಯಾರಿ ಮಾಡುತ್ತಿದ್ದಾನೆ.

ಇದನ್ನು ಬರೆಯುತ್ತಿರುವ ಈ ವಾರವೂ ಒಬ್ಬಳು ಹುಡುಗಿ ಅದೇ ಪ್ರಶ್ನೆ ಹಿಡಿದು ಬಂದಿದ್ದಳು. ಅವಳ ಮನೆಯಲ್ಲಿ ಅಮ್ಮನ ಬಳೆ ಅಡವಿಡಲು ತೆಗೆದಿಟ್ಟಿದ್ದಾರೆ. ಮುಂದಿನ ಸಲ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಬಾ, ಅಲ್ಲಿವರೆಗೆ ಯಾರಿಗೂ ದುಡ್ಡು ಕೊಡಬೇಡ ಅಂತ ಹೇಳಿ ಕಳಿಸಿದ್ದೇನೆ.