ಬಿಡುವಿದ್ರೆ ಕೇಳಿ: ಹಕ್ಕಿ, ಹಳೇ ನಾಣ್ಯ, ವೀರಗಲ್ಲು, ಒಂದು ಬಾಣಲೆ ಕಾಫಿ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾಸನ, ಚಿಕ್ಕಮಗಳೂರು ಕಡೆಯವೇ. ಮಳೆ ಹಿಡ್ಕೊಂಡ್ರೆ ನಮ್ಮ ಕಡೆ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ, ಆವಾಗ ಕೂತು ಬರೀತಾರೇನೋ. ಹೆಚ್ಚಿನವರು ಸುತ್ತಿ ಬಳಸಿ ಕೇಳಿರೋದು ಒಂದೇ, ಏನು ಕೊಂಡ್ಕೊಳ್ಳಲಿ ಅಂತ. ನಾನು ಬಹಳ ಕಡೆ ಸದ್ಯಕ್ಕೆ ಏನೂ ಬೇಡ ಅಂದಿದೀನಿ, ಅಂಗಡಿಯವರು ಬೈಕೊಂಡ್ರೆ ಬೈಕೊಳ್ಳಲಿ.

ಪ್ರಶ್ನೆ: ಹೋದ ವರ್ಷ ರಿಟೈರ್ ಆದೆ. ಮನೇಲಿ ಕೂತ್ರೆ ಕೈಗೆ ಮೊಬೈಲ್ ಬರುತ್ತೆ, ಅದಕ್ಕೆ ನಮ್ಮನೆಯವಳ ಹತ್ರ ಬೈಸ್ಕೊಳ್ಳೋದು. ಹಕ್ಕಿ ನೋಡೋ ಅಭ್ಯಾಸ ಮಾಡ್ಕೊಳ್ಳೋಣ ಅಂತಿದೀನಿ. ಅಂಗಡಿಯವನು 20 ಸಾವಿರದ ಬೈನಾಕ್ಯುಲರ್ ತೋರಿಸ್ತಾನೆ, ಮಗ ಕ್ಯಾಮೆರಾನೇ ತಗೊಳ್ಳಿ ಅಂತಾನೆ. ಯಾವುದು ತಗೊಳ್ಳಲಿ?
- ನಿವೃತ್ತ ನೌಕರರು, ಹಾಸನ

ಉತ್ತರ: ಎರಡೂ ಬೇಡ ಸಾರ್, ಈಗಲೇ ಬೇಡ. ಕ್ಯಾಮೆರಾ ಕೈಗೆ ಬಂತು ಅಂದ್ರೆ ನೀವು ಹಕ್ಕಿ ನೋಡಲ್ಲ, ಫೋಟೋ ಸರಿಯಾಗಿ ಬಂತಾ ಅಂತ ಸ್ಕ್ರೀನ್ ನೋಡ್ತಾ ಇರ್ತೀರಿ, ಅಷ್ಟರಲ್ಲಿ ಹಕ್ಕಿ ಹಾರಿ ಹೋಗಿರುತ್ತೆ. ಮೊದಲು ಬೆಳಗ್ಗೆ ಆರೂವರೆ ಏಳಕ್ಕೆ ಹುಣಸಿನಕೆರೆ ಕಡೆ ಹೋಗಿ, ಇಲ್ಲಾ ಗೆಂಡೆಕಟ್ಟೆ ಕಡೆ ಹೋಗಿ, ಒಂದು ಕಡೆ ಸುಮ್ನೆ ನಿಂತ್ಕೊಳ್ಳಿ. ಕೆರೆ ಹಕ್ಕಿಗಳು ಹೊಸಬರಿಗೆ ಸುಲಭ, ಯಾಕಂದ್ರೆ ದೊಡ್ಡವು, ಬಯಲಲ್ಲಿರ್ತವೆ, ಎಲೆ ಮರೆ ಕಾಟ ಇಲ್ಲ. ಮೈಯೆಲ್ಲ ಕಪ್ಪು, ಹಣೆ ಮೇಲೆ ಬಿಳಿ ಪಟ್ಟಿ ಇದ್ರೆ ನಾಮದ ಕೋಳಿ. ನೋಡ್ತಾ ಇದ್ದ ಹಾಗೇ ಮುಳುಗಿ ಇನ್ನೆಲ್ಲೋ ಏಳೋ ಪುಟಾಣಿ ಗುಳುಮುಳುಕ. ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸ್ಕೊಳ್ತಾ ಕೂತಿದ್ರೆ ಅದು ನೀರುಕಾಗೆ, ಅದೇ ಥರ ಕೂತಿದ್ದು ಕತ್ತು ಮಾತ್ರ ಹಾವಿನ ಹಾಗೆ ಉದ್ದ ಇದ್ರೆ ಹಾವಕ್ಕಿ. ಕಪ್ಪು ಬಿಳುಪು ಮಿಂಚುಳ್ಳಿ ಸಿಕ್ಕಿದ್ರಂತೂ ನಿಮ್ಮ ಬೆಳಗ್ಗೆ ಅಲ್ಲೇ ಮುಗೀತು, ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡೀತಾ ನಿಂತು ಧೊಪ್ ಅಂತ ಬೀಳುತ್ತಲ್ಲ, ಎಷ್ಟು ನೋಡಿದ್ರೂ ಸಾಕಾಗಲ್ಲ.

ಮೊಬೈಲ್ ಬಿಡಕ್ಕಾಗಲ್ಲ ಅಂತಿದ್ರೆ ಅದನ್ನೇ ಕೆಲಸಕ್ಕೆ ಹಚ್ಚಿ. ಮರ್ಲಿನ್ ಅಂತ ಆ್ಯಪ್ ಇದೆ, ಫ್ರೀ, ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯವರದ್ದು, ಹಕ್ಕಿ ಕೂಗು ಕೇಳಿಸ್ಕೊಂಡು ಯಾವ ಹಕ್ಕಿ ಅಂತ ಹೇಳುತ್ತೆ. ನಮ್ಮ ಪ್ರದೇಶದ ಪ್ಯಾಕ್ ಮನೇಲೇ ಡೌನ್‌ಲೋಡ್ ಮಾಡ್ಕೊಂಡ್ರೆ ನೆಟ್ ಇಲ್ಲದ ಕಡೆನೂ ನಡೆಯುತ್ತೆ. ಅದು ಹೇಳಿದ್ದೆಲ್ಲ ನಿಜ ಅಂತ ಬರ್ಕೋಬೇಡಿ, ಕಣ್ಣಲ್ಲಿ ನೋಡಿದ್ಮೇಲೆ ಬರ್ಕೊಳ್ಳಿ. ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತೆ, ಕನಿಷ್ಠ 15 ನಿಮಿಷ ನಿಂತು ಎಣಿಸಿ, ಹಕ್ಕಿ ಲೆಕ್ಕ ಸೇರಿಸೋ ಜಾಲತಾಣ ಇ-ಬರ್ಡ್‌ಗೆ ಹಾಕಿದ್ರೆ ನಿಮ್ಮ ಲೆಕ್ಕನೂ ಸೇರುತ್ತೆ.

ಈ ಚಳಿಗಾಲ ಮುಗಿಯೋ ಹೊತ್ತಿಗೂ ಹೋಗ್ತಾನೇ ಇದ್ರೆ ಆಗ ಬೈನಾಕ್ಯುಲರ್ ತಗೊಳ್ಳಿ, 8×42 ಅಂತ ಬರೆದಿರೋದು. 8 ಅಂದ್ರೆ ಎಂಟು ಪಟ್ಟು ಹತ್ತಿರ ತೋರಿಸುತ್ತೆ, 42 ಅಂದ್ರೆ ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್ ಲೆಕ್ಕ. 20 ಪಟ್ಟು 30 ಪಟ್ಟು ಅಂತ ಆಸೆ ತೋರಿಸಿದ್ರೆ ಬೀಳಬೇಡಿ, ಕೈ ಒಂಚೂರು ಅಲುಗಿದ್ರೂ ಹಕ್ಕಿ ಕುಣಿಯುತ್ತೆ. ಆಮೇಲೆ ಅರಸೀಕೆರೆ, ಕಡೂರು ಕಡೆ ಬಯಲಿಗೆ ಹೋಗಿ ಕರೆಂಟ್ ತಂತಿ ಮೇಲೆ ನಮ್ಮ ರಾಜ್ಯಪಕ್ಷಿ ನೀಲಕಂಠ ಹುಡುಕಿ. ಬೇಸಿಗೇಲಿ ಲಕ್ಕವಳ್ಳಿಗೆ ಹೋದ್ರೆ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ನೀರಹಕ್ಕಿ ರಿವರ್ ಟರ್ನ್‌ಗಳು ಸಂಸಾರ ಹೂಡಿರ್ತವೆ. ಮನೆಯವರನ್ನೂ ಕರ್ಕೊಂಡೋಗಿ ಸಾರ್, ಬೈಗುಳ ಅರ್ಧ ಕಮ್ಮಿ ಆಗುತ್ತೆ.

ಪ್ರಶ್ನೆ: ಮಾವನವರ ಟ್ರಂಕಲ್ಲಿ ಹಳೇ ನಾಣ್ಯ, ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟು ಎಲ್ಲ ಸಿಕ್ತು. ವಿಡಿಯೋದಲ್ಲಿ ನೋಡಿ ಫೋನ್ ಮಾಡಿದ್ರೆ ನೋಟಿಗೆ ಲಕ್ಷಗಟ್ಟಲೆ ಕೊಡ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ ಅಂತಾರೆ. ಕಟ್ಟಬಹುದಾ? ನಾಣ್ಯ ಎಲ್ಲ ಹುಣಸೆಹಣ್ಣು ಹಾಕಿ ಫಳಫಳ ಮಾಡಿ ಇಡಬೇಕು ಅಂತಲೂ ಇದೀನಿ.
- ಗೃಹಿಣಿ, ಅರಸೀಕೆರೆ

ಉತ್ತರ: ಅಕ್ಕಾ, ಒಂದು ರೂಪಾಯಿನೂ ಕಟ್ಟಬೇಡಿ, ಹುಣಸೆಹಣ್ಣೂ ಹಾಕಬೇಡಿ. ಎರಡನೇದು ಮೊದಲು ಹೇಳ್ತೀನಿ, ಯಾಕಂದ್ರೆ ಪತ್ರ ಅಚ್ಚಾಗೋ ಅಷ್ಟರಲ್ಲಿ ನೀವು ಉಜ್ಜಿಬಿಟ್ಟಿದ್ರೆ ಕಷ್ಟ. ಹಳೇ ತಾಮ್ರದ ಮೇಲೆ ಕೂತಿರೋ ಕಂದು ಬಣ್ಣ ಕೊಳೆ ಅಲ್ಲ, ಎಷ್ಟೋ ವರ್ಷ ಗಾಳಿ ತಾಗಿ ಆಗಿರೋ ಪದರ, ಅದನ್ನ ತೆಗೆದ್ರೆ ಸಂಗ್ರಹ ಮಾಡೋರು ಆ ನಾಣ್ಯ ಮುಟ್ಟಲ್ಲ. ಅಂಚು ಹಿಡ್ಕೊಂಡು ಎತ್ತಿ, ಬೆರಳಿನ ಬೆವರು ಮುಖಕ್ಕೆ ತಾಗದೇ ಇರಲಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಲ್ಲಿ ಇಡಿ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಆಲ್ಬಮ್ ಬೇಡ, ದಿನ ಕಳೆದ ಹಾಗೆ ಹಸಿರು ಹಸಿರಾಗಿ ಅಂಟುತ್ತೆ.

ಇನ್ನು ಆ ಫೋನಿನವರು. ರಿಸರ್ವ್ ಬ್ಯಾಂಕ್ 2021ರ ಆಗಸ್ಟಲ್ಲೇ ಹೇಳಿದೆ, ಹಳೇ ನೋಟು ನಾಣ್ಯದ ವ್ಯವಹಾರ ನಾವು ಮಾಡಲ್ಲ, ಅದಕ್ಕೆ ಫೀಸು ಕಮಿಷನ್ನು ಕೇಳಲ್ಲ, ನಮ್ಮ ಹೆಸರಲ್ಲಿ ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಟ್ರ್ಯಾಕ್ಟರ್ ನೋಟು ಎಲ್ಲರ ಮನೆಯ ಟ್ರಂಕಲ್ಲೂ ಇದೆ ಅಕ್ಕಾ, ಲಕ್ಷ ಯಾಕೆ ಕೊಡ್ತಾರೆ ಹೇಳಿ. ಆಗಲೇ ದುಡ್ಡು ಹಾಕಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ದುಡ್ಡಿನ ಆಸೆ ಬಿಟ್ಟು ನೋಡಿದ್ರೆ ನಿಮ್ಮ ಟ್ರಂಕು ಚೆನ್ನಾಗೇ ಇದೆ. ರೂಪಾಯಿಗೆ 16 ಆಣೆ ಇದ್ದ ಲೆಕ್ಕ ಹೋಗಿ 100 ಪೈಸೆ ಬಂದಿದ್ದು 1957ರ ಏಪ್ರಿಲ್ 1ಕ್ಕೆ, ಜನಕ್ಕೆ ಗೊಂದಲ ಆಗಬಾರ್ದು ಅಂತ 1964ರ ತನಕ ‘ನಯಾ ಪೈಸೆ’ ಅಂತಲೇ ಕರೀತಿದ್ರು. ಆಣೆ ನಾಣ್ಯ, ನಯಾ ಪೈಸೆ, ಆಮೇಲಿನ ಪೈಸೆ ಅಂತ ಮೂರು ಗುಡ್ಡೆ ಮಾಡಿ. 25 ಪೈಸೆ ಚಲಾವಣೆ ನಿಂತಿದ್ದು 2011ರ ಜೂನ್ 30ಕ್ಕೆ, ಅದೂ ಇರುತ್ತೆ ನೋಡಿ. ಈಚೆಗಿನ ನಾಣ್ಯದಲ್ಲಿ ಇಸವಿ ಕೆಳಗೆ ಭೂತಗನ್ನಡಿ ಹಿಡೀರಿ: ವಜ್ರದ ಆಕಾರ ಇದ್ರೆ ಮುಂಬೈ ಟಂಕಸಾಲೆದು, ನಕ್ಷತ್ರ ಇದ್ರೆ ಹೈದರಾಬಾದ್, ಚುಕ್ಕೆ ಇದ್ರೆ ನೋಯ್ಡಾ, ಏನೂ ಇಲ್ದಿದ್ರೆ ಕೋಲ್ಕತ್ತ. ಮಕ್ಕಳನ್ನ ಕೂರಿಸ್ಕೊಂಡು ಇದನ್ನ ಮಾಡಿ, ಒಂದು ಭಾನುವಾರ ಸಲೀಸಾಗಿ ಹೋಗುತ್ತೆ. ಒಂದು ಎಚ್ಚರಿಕೆ, ಮನೇಲಿ ಇದ್ದದ್ದು ಬೇರೆ, ಹೊಲ ಉಳುವಾಗ ಪಾಯ ತೆಗೆಯುವಾಗ ನೆಲದಲ್ಲಿ ಸಿಕ್ಕಿದ್ದು ಬೇರೆ. ಹಾಗೆ ಸಿಕ್ಕಿದ್ದನ್ನ ಸರ್ಕಾರಕ್ಕೆ ತಿಳಿಸಲೇಬೇಕು, ಅದಕ್ಕೆ ಕರ್ನಾಟಕದ್ದೇ 1962ರ ನಿಧಿ ಕಾಯ್ದೆ ಇದೆ.

ಪ್ರಶ್ನೆ: ಹವ್ಯಾಸದಿಂದ ತಿಂಗಳಿಗೆ ಒಂದಿಷ್ಟು ಸಂಪಾದನೆ ಮಾಡೋದು ಹೇಗೆ?
- ಯುವಕ, ಕಡೂರು

ಉತ್ತರ: ಅದನ್ನ ಪಾರ್ಟ್‌ಟೈಮ್ ಕೆಲಸ ಅಂತಾರಪ್ಪ. ಪಕ್ಕದ ಪುಟದಲ್ಲಿ ಉದ್ಯೋಗದ ಅಂಕಣ ಇದೆ.

ಪ್ರಶ್ನೆ: ನಮ್ಮೂರ ಕೆರೆ ಏರಿ ಮೇಲೆ ಕೆತ್ತನೆ ಇರೋ ಒಂದು ಕಲ್ಲಿದೆ, ಮೇಲೆ ಸೂರ್ಯ ಚಂದ್ರ, ಕೆಳಗೆ ಬಿಲ್ಲು ಹಿಡಿದವನು, ನಡುವೆ ಅಕ್ಷರ. ಓದಬೇಕು ಅಂತ ಬಹಳ ಆಸೆ, ಆದ್ರೆ ಅರ್ಥ ಆಗ್ತಿಲ್ಲ. ಸೀಮೆಸುಣ್ಣ ಬಳಿದು ಫೋಟೋ ತೆಗಿ ಅಂತಾರೆ ಫ್ರೆಂಡ್ಸು. ಇಂಥದ್ದನ್ನ ಹವ್ಯಾಸವಾಗಿ ಕಲಿಯಬಹುದಾ?
- ಬಿ.ಎ. ವಿದ್ಯಾರ್ಥಿನಿ, ಬೇಲೂರು ತಾಲ್ಲೂಕು

ಉತ್ತರ: ನಿನ್ನ ಪತ್ರ ಓದಿ ಖುಷಿ ಆಯ್ತಮ್ಮ, ಈ ತಿಂಗಳ ಎಲ್ಲ ಪತ್ರದಲ್ಲಿ ನನಗೆ ಇಷ್ಟ ಆಗಿದ್ದು ಇದೇ. ಹಲ್ಮಿಡಿ ಶಾಸನ ಸಿಕ್ಕಿದ ತಾಲ್ಲೂಕಲ್ಲೇ ಇದ್ಕೊಂಡು ಇದನ್ನ ಕಲಿಯಬಹುದಾ ಅಂತ ಕೇಳ್ತೀಯಲ್ಲ!

ನೀನು ಬರೆದಿರೋದು ನೋಡಿದ್ರೆ ವೀರಗಲ್ಲು. ಅದನ್ನ ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ದನ ಹೊಡ್ಕೊಂಡು ಹೋಗೋರನ್ನ ತಡೆದು ಸತ್ತವನಾದ್ರೆ ಅಲ್ಲೇ ದನಗಳೂ ಇರ್ತವೆ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಆ ವೀರನನ್ನ ಕೈಹಿಡಿದು ಮೇಲಕ್ಕೆ ಕರ್ಕೊಂಡು ಹೋಗ್ತಾರೆ. ಮೇಲೆ ಸಾಮಾನ್ಯವಾಗಿ ಶಿವಲಿಂಗದ ಮುಂದೆ ಕೂತಿರ್ತಾನೆ. ಸೂರ್ಯ ಚಂದ್ರ ಯಾಕೆ ಅಂದ್ರೆ ಅವೆರಡೂ ಇರೋ ತನಕ ಇದೂ ಇರಲಿ ಅಂತ. ಪಕ್ಕದಲ್ಲಿ ಬಳೆ ತೊಟ್ಟ ಒಂದು ಕೈ ಮೇಲೆತ್ತಿರೋ ಕಲ್ಲು ಕಂಡ್ರೆ ಅದು ಮಾಸ್ತಿಕಲ್ಲು, ಸತಿ ಹೋದವಳ ನೆನಪಿಗೆ ನಿಲ್ಲಿಸಿದ್ದು.

ಸೀಮೆಸುಣ್ಣ, ರಂಗೋಲಿ ಪುಡಿ, ಎಣ್ಣೆ, ಪೇಂಟು ಯಾವುದೂ ಬೇಡ, ದೇವರು ಅಂತ ಪೇಂಟ್ ಬಳಿದು ಅಕ್ಷರ ಮುಚ್ಚಿ ಹೋಗಿರೋ ಕಲ್ಲು ಊರೂರಲ್ಲಿ ಇವೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಬೆಳಕು ಸಾಕು. ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣಲ್ಲ, ಕತ್ತಲಾಗ್ತಾ ಇದ್ದಂಗೆ ಅಣ್ಣನನ್ನೋ ತಮ್ಮನನ್ನೋ ಜೊತೆಗೆ ಕರ್ಕೊಂಡು ಹೋಗಿ ಕಲ್ಲಿನ ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಡ್ಸು, ಕೊರೆದಿರೋ ಗೆರೆಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಬರುತ್ತೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿಂದ ಒಂದು ಫೋಟೋ ತೆಗಿ.

ಆಮೇಲೆ ಲೈಬ್ರರಿ. ಬಿ.ಎಲ್. ರೈಸ್ ಅನ್ನೋರು ನಮ್ಮ ಜಿಲ್ಲೆಗಳ ಶಾಸನ ಎಲ್ಲ ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಸಂಪುಟಗಳನ್ನ ತಂದ್ರು, ಹಾಸನ ಜಿಲ್ಲೆಯದು 5ನೇ ಸಂಪುಟ, 1902ರದ್ದು. ಚಿಕ್ಕಮಗಳೂರಿನವರು 6ನೇದು ನೋಡಿ, ಆಗ ಅದು ಕಡೂರು ಜಿಲ್ಲೆ. ತಾಲ್ಲೂಕುವಾರು ನಂಬರ್ ಹಾಕಿ, ಯಾವ ಊರು, ಕಲ್ಲು ಎಲ್ಲಿದೆ ಅಂತ ಬರೆದಿದ್ದಾರೆ, ಕನ್ನಡ ಅಕ್ಷರದಲ್ಲಿ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ನೆಟ್ಟಲ್ಲಿ ಫ್ರೀ ಸಿಗುತ್ತೆ. ನಿಮ್ಮೂರ ಹೆಸರು ಹುಡುಕು, ಹಳೇ ಕಾಗುಣಿತದಲ್ಲಿ ಇರುತ್ತೆ, ಹಿಂದೆ ಮುಂದೆ ನೋಡು. ಸಿಕ್ಕಿದ್ರೆ ಅಚ್ಚಾದ ಪಾಠ ಒಂದು ಕೈಲಿ, ನಿನ್ನ ಫೋಟೋ ಇನ್ನೊಂದು ಕೈಲಿ ಇಟ್ಕೊಂಡು ಒಂದೊಂದೇ ಅಕ್ಷರ ಹೊಂದಿಸು, ಮೇಷ್ಟ್ರು ಬೇಕಿಲ್ಲ. ಸಿಗಲಿಲ್ಲ ಅಂದ್ರೆ ಇನ್ನೂ ಮಜಾ, ನಿಮ್ಮ ಕಾಲೇಜಿನ ಹಿಸ್ಟರಿ ಲೆಕ್ಚರರ್‌ಗೆ ತೋರಿಸು.

ಹೊಯ್ಸಳರ ಕಾಲದ ಅಕ್ಷರ ಈಗಿನದಕ್ಕೆ ಅಷ್ಟೇನೂ ದೂರ ಇಲ್ಲ, ಅಲ್ಲಿಂದ ಶುರು ಮಾಡು, ಹಲ್ಮಿಡಿ ಕಾಲದ್ದಕ್ಕೆ ಆಮೇಲೆ ಕೈ ಹಾಕು. ‘ಸ್ವಸ್ತಿ’, ‘ಶ್ರೀಮತು’, ‘ಶಕವರುಷ’ ಇವು ಮತ್ತೆ ಮತ್ತೆ ಬರ್ತವೆ, ಕಣ್ಣು ಅದಕ್ಕೆ ಹೊಂದ್ಕೊಳ್ಳುತ್ತೆ. ಶಕವರ್ಷಕ್ಕೆ 78 ಕೂಡಿಸಿದ್ರೆ ನಮ್ಮ ಇಸವಿ, ಅಂದ್ರೆ ಶಕ 1039 ಅಂತಿದ್ರೆ 1117, ಬೇಲೂರು ದೇವಸ್ಥಾನದ ಕಾಲ. ಆ ದೇವಸ್ಥಾನಕ್ಕೆ ಹೋದಾಗ ಮದನಿಕೆಯರ ಮುಖ ಮಾತ್ರ ನೋಡಿ ಬರಬೇಡ, ಕಾಲಡಿಯ ಪೀಠನೂ ನೋಡು, ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಅದನ್ನ ಸ್ವಂತವಾಗಿ ಓದಿದ ದಿನ ನನಗೊಂದು ಕಾಗದ ಹಾಕು.

ಪ್ರಶ್ನೆ: ಸಕಲೇಶಪುರದಿಂದ ರೈಲ್ವೆ ಹಳಿ ಮೇಲೆ ಸುಬ್ರಹ್ಮಣ್ಯದ ಕಡೆಗೆ ನಡೆಯೋ ಟ್ರೆಕ್ ಮಾಡಬೇಕು ಅಂತ ಗೆಳೆಯರ ಗುಂಪು ಹೊರಟಿದೆ, ಹೋಗಬಹುದಾ?
- ಐಟಿಐ ವಿದ್ಯಾರ್ಥಿ, ಆಲೂರು

ಉತ್ತರ: ಬೇಡ. ಹಳಿ ಮೇಲೆ ನಡೆಯೋದು ರೈಲ್ವೆ ಕಾಯ್ದೆ 147ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳ ತನಕ ಜೈಲೂ ಆಗಬಹುದು, ಸುರಂಗದೊಳಗೆ ಗೂಡ್ಸ್ ಗಾಡಿ ಬಂದ್ರೆ ಜೈಲಿನ ಪ್ರಶ್ನೆನೇ ಬರಲ್ಲ. ಅದೇ ಘಾಟಿನಲ್ಲಿ ಪ್ಯಾಸೆಂಜರ್ ರೈಲು ಓಡುತ್ತೆ, ಕಿಟಕಿ ಪಕ್ಕ ಸೀಟ್ ಹಿಡೀರಿ. ನಡೀಲೇಬೇಕು ಅಂದ್ರೆ ಮಂಜರಾಬಾದ್ ಕೋಟೆ ಹತ್ತಿ, ಟಿಪ್ಪು ಕಟ್ಟಿಸಿದ್ದು, ನಕ್ಷತ್ರದ ಆಕಾರ.

ಪ್ರಶ್ನೆ: ಮಗನಿಗೆ 13 ವರ್ಷ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಮುಂದೆ ಬಸ್ಸಲ್ಲಿ ಹೋದಾಗೆಲ್ಲ ಆ ದೊಡ್ಡ ಡಿಶ್ ನೋಡಿ ಹುಚ್ಚು ಹಿಡ್ಕೊಂಡಿದೆ. ಈಗ ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ಬೇರೆಯವರ ಜೊತೆ ಮಾತಾಡೋ ರೇಡಿಯೋ) ಬೇಕಂತೆ. ಆನ್‌ಲೈನಲ್ಲಿ ವಾಕಿಟಾಕಿ ಆರ್ಡರ್ ಮಾಡ್ಲಾ?
- ತಾಯಿ, ಹಾಸನ

ಉತ್ತರ: ಆರ್ಡರ್ ಮಾಡಬೇಡಿ, ಲೈಸೆನ್ಸ್ ಇಲ್ಲದೆ ಅಂಥದ್ರಲ್ಲಿ ಮಾತಾಡಿದ್ರೆ ಕಾನೂನಿನ ತೊಂದರೆ. ಆದ್ರೆ ಹುಡುಗನ ವಯಸ್ಸು ಸರಿಯಾಗಿದೆ, 12 ತುಂಬಿದ್ರೆ ಹ್ಯಾಮ್ ಪರೀಕ್ಷೆ ಬರೀಬಹುದು. ಎರಡು ದರ್ಜೆ ಇದೆ. ರಿಸ್ಟ್ರಿಕ್ಟೆಡ್‌ಗೆ ಸ್ವಲ್ಪ ಎಲೆಕ್ಟ್ರಾನಿಕ್ಸು ಸ್ವಲ್ಪ ನಿಯಮ ಓದಿದ್ರೆ ಸಾಕು, ಜನರಲ್‌ಗೆ ಮೋರ್ಸ್ ಕೋಡೂ ಬರಬೇಕು. ಪಾಸಾದ್ರೆ ವಿಯು ಅಂತ ಶುರುವಾಗೋ ಸ್ವಂತ ಕಾಲ್ ಸೈನ್ ಸಿಗುತ್ತೆ, ಆ ವಯಸ್ಸಿಗೆ ಅದು ದೊಡ್ಡ ಗತ್ತು.

ಪರೀಕ್ಷೆ ಆಗೋ ತನಕ ಕೇಳಿಸ್ಕೊಳ್ಳಲಿ. ಮನೇಲಿ ಶಾರ್ಟ್‌ವೇವ್ ಇರೋ ಹಳೇ ರೇಡಿಯೋ ಇದ್ರೆ ಅಟ್ಟದಿಂದ ಇಳಿಸಿ, ರಾತ್ರಿ ಹೊತ್ತು ದೂರದ ದೇಶದ ಸ್ಟೇಷನ್ ಹಗಲಿಗಿಂತ ಚೆನ್ನಾಗಿ ಬರ್ತವೆ, ಮೇಲಿನ ವಾತಾವರಣದ ಪದರಕ್ಕೆ ಅಲೆ ಬಡಿದು ವಾಪಸ್ ಬರೋದ್ರಿಂದ. ಯಾಕೆ ರಾತ್ರಿನೇ ಚೆನ್ನಾಗಿ ಬರುತ್ತೆ ಅಂತ ಅವನೇ ಓದಿ ನಿಮಗೆ ಹೇಳಲಿ. ಸಂಜೆ ಆಕಾಶದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಬರಿಗಣ್ಣಿಗೇ ಕಾಣುತ್ತೆ, ಮಿನುಗಲ್ಲ, ಸದ್ದಿಲ್ಲದೆ ಸಾಗುತ್ತೆ, ಯಾವ ಹೊತ್ತಿಗೆ ಅಂತ ನಾಸಾದವರು ಊರಿನ ಪ್ರಕಾರ ತಿಳಿಸ್ತಾರೆ. ಇದಕ್ಕೆಲ್ಲ ಖರ್ಚು ಸೊನ್ನೆ.

ಪ್ರಶ್ನೆ: ನಮ್ದು ಸಣ್ಣ ಕಾಫಿ ತೋಟ. ಬೆಳೆದಿದ್ದೆಲ್ಲ ವ್ಯಾಪಾರಿಗೆ ಹಾಕಿ ಪೇಟೆಯಿಂದ ಪುಡಿ ತಂದು ಕುಡೀತೀವಿ. ಮನೇಲೇ ಹುರೀಬೇಕು ಅಂತ ನನಗೆ ಆಸೆ, ಮೆಷಿನ್ ಬೇಕಾ? ಅತ್ತೆ ನಗ್ತಾರೆ.
- ಸೊಸೆ, ಮೂಡಿಗೆರೆ

ಉತ್ತರ: ಮೆಷಿನ್ ಬೇಡ, ದಪ್ಪ ತಳದ ಕಬ್ಬಿಣದ ಬಾಣಲೆ ಇದ್ರೆ ಆಯ್ತು. ಒಣಗಿದ ಪಾರ್ಚ್‌ಮೆಂಟ್ (ಒಳಸಿಪ್ಪೆ ಬಿಡಿಸದ ಕಾಫಿ ಬೀಜ) ಎರಡು ಹಿಡಿ ತಗೊಂಡು ಒರಳಲ್ಲಿ ಮೆಲ್ಲಗೆ ಕುಟ್ಟಿ ಮೊರದಲ್ಲಿ ಕೇರಿ, ಒಡೆದಿದ್ದು, ಕಪ್ಪಾಗಿದ್ದು, ಬೆರಿಬೋರರ್ ಹುಳ ತೂತು ಕೊರೆದಿದ್ದು ಆರಿಸಿ ಹಾಕಿ. ಮಧ್ಯಮ ಉರಿಯಲ್ಲಿ ಕೈ ಬಿಡದೆ ಕೆದಕ್ತಾ ಇರಿ. ಹಸಿರು ಹೋಗಿ ಹಳದಿ ಆಗುತ್ತೆ, ಆಗ ಹುಲ್ಲಿನ ವಾಸನೆ, ಆಮೇಲೆ ಕಂದು. ಬೀಜದ ಬಿಸಿ 196 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಒಳಗಿನ ಆವಿ ತಡೀಲಾರದೆ ಬೀಜ ಚಟ್ ಚಟ್ ಅಂತ ಸಿಡಿಯೋಕೆ ಶುರು, ಥರ್ಮಾಮೀಟರ್ ಇಲ್ದಿದ್ರೂ ಕಿವಿಗೆ ಗೊತ್ತಾಗುತ್ತೆ. ಆ ಸದ್ದು ನಿಂತು ಒಂದೆರಡು ನಿಮಿಷಕ್ಕೆ ಇಳಿಸಿದ್ರೆ ಮಧ್ಯಮ ಹದ. ಬಿಟ್ರೆ ಎರಡನೇ ಸಲ ಸಣ್ಣಗೆ ಚಿಟಿಚಿಟಿ ಅನ್ನುತ್ತೆ, ಅಲ್ಲಿಂದ ಮುಂದೆ ಕಹಿ ಏರುತ್ತೆ. ಇಳಿಸಿದ ಕೂಡ್ಲೇ ಮೊರಕ್ಕೆ ಸುರಿದು ಬೀಸಿ ತಣ್ಣಗೆ ಮಾಡಿ, ಬಾಣಲೇಲೇ ಬಿಟ್ರೆ ಅದರ ಬಿಸಿಗೇ ಇನ್ನೂ ಹುರಿಯುತ್ತೆ. ಹೊಗೆ ಜಾಸ್ತಿ ಕಣ್ರೀ, ಹಿಂದಿನ ಒಲೆಮನೇಲಿ ಮಾಡಿ. ಅವತ್ತೇ ಪುಡಿ ಮಾಡಬೇಡಿ, ಒಂದು ದಿನ ಮುಚ್ಚಳ ಸಡಿಲ ಬಿಟ್ಟು ಇಡಿ, ಒಳಗಿನ ಗಾಳಿ ಹೊರಗೆ ಹೋಗಬೇಕು.

ರುಚಿ ಮೊದಲಿಗೆ ತೆಳು ಅನ್ಸಬಹುದು. ಪೇಟೆ ಪುಡಿಯಲ್ಲಿ ಚಿಕೋರಿ ಇರುತ್ತೆ, ಮಿಶ್ರಣದ ಪುಡಿಯಲ್ಲಿ ಕಾಫಿ 51 ಪರ್ಸೆಂಟ್‌ಗೆ ಕಮ್ಮಿ ಇರಬಾರ್ದು ಅಂತ ನಿಯಮ, ಅಂದ್ರೆ ಉಳಿದದ್ದು ಚಿಕೋರಿ ಆಗಬಹುದು, ಪ್ಯಾಕೆಟ್ ಮೇಲೆ ಬರೆದಿರುತ್ತೆ ಓದಿ. ಅತ್ತೆಯವರ ನಾಲಿಗೆ ಆ ದಪ್ಪ ಡಿಕಾಕ್ಷನ್‌ಗೆ ಒಗ್ಗಿರುತ್ತೆ. ಅವರ ಫಿಲ್ಟರಿಗೆ ಒಂದು ಚಮಚ ಚಿಕೋರಿ ಹಾಕ್ಬಿಡಿ, ಜಗಳ ಯಾಕೆ.