ಬೇಳೆ ಬೇಯಿಸದ ನೀರು, ಕೆಂಪಾಗುವ ಅರಿಶಿನ: ಮನೆಯೊಳಗಿನ ಸುಣ್ಣದ ಕತೆ

ಈ ಸಲ ಐದು ಪತ್ರಗಳನ್ನು ಉತ್ತರಕ್ಕೆಂದು ಎತ್ತಿಟ್ಟುಕೊಂಡೆ. ಓದುತ್ತಾ ಹೋದ ಹಾಗೆ ಒಂದನ್ನು ಬಿಟ್ಟು ಉಳಿದ ನಾಲ್ಕರಲ್ಲೂ ಸುಣ್ಣವೇ ಕೂತಿರುವುದು ಕಂಡಿತು. ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಗೋಡೆಯ ಮೇಲೆ, ಆರತಿ ತಟ್ಟೆಯಲ್ಲಿ ಎಲ್ಲ ಕಡೆಯೂ ಅದು ಇದೆ.

ಪ್ರಶ್ನೆ: ಮದುವೆಯಾಗಿ ತೀರ್ಥಹಳ್ಳಿ ಕಡೆಯಿಂದ ಚಿಂತಾಮಣಿಗೆ ಬಂದು ಒಂದು ವರ್ಷವಾಯಿತು. ತವರಿನ ಬಾವಿ ನೀರಿನಲ್ಲಿ ಕುಕ್ಕರ್ ಮೂರು ಸಲ ಕೂಗಿದರೆ ಕರಗುತ್ತಿದ್ದ ತೊಗರಿಬೇಳೆ ಇಲ್ಲಿ ಬೋರ್‌ವೆಲ್ ನೀರಿನಲ್ಲಿ ಏಳು ಸಲ ಕೂಗಿದರೂ ಬೇರೆ ಬೇರೆಯಾಗಿಯೇ ಇರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅತ್ತೆ ಚಿಟಿಕೆ ಸೋಡಾ ಹಾಕು ಅನ್ನುತ್ತಾರೆ. ತಪ್ಪು ಬೇಳೆಯದೋ ನೀರಿನದೋ?

ಹೆಚ್ಚಿನ ಪಾಲು ನೀರಿನದು. ‘ನಿನ್ನ ಬೇಳೆ ಇಲ್ಲಿ ಬೇಯೋದಿಲ್ಲ’ ಎಂಬ ಮಾತನ್ನು ನಾವು ಜಗಳದಲ್ಲಿ ಬಳಸುತ್ತೇವೆ. ಬಯಲುಸೀಮೆಯ ಎಷ್ಟೋ ಊರುಗಳ ಹೆಂಗಸರಿಗೆ ಅದು ದಿನವೂ ಒಲೆಯ ಮುಂದೆ ಅನುಭವಿಸುವ ಸತ್ಯ.

ಮಳೆನೀರು ಮಣ್ಣಿಗಿಳಿಯುವಾಗ ಅಲ್ಲಿನ ಬೇರು, ಕೊಳೆತ ಎಲೆ, ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಹಾಗೆ ಹುಳಿಯಾದ ನೀರು ಬಂಡೆಯಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ತೀರ್ಥಹಳ್ಳಿಯ ತೆರೆದ ಬಾವಿಗೆ ಬರುವುದು ಹೆಚ್ಚುಕಡಿಮೆ ಹೋದ ಮಳೆಗಾಲದ ನೀರು, ಮಳೆಯೂ ಅಲ್ಲಿ ಧಾರಾಳ. ನಿಮ್ಮ ಈಗಿನ ಊರಿನ ಬೋರ್‌ವೆಲ್ ಎತ್ತುವುದು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು. ಕಲ್ಲಿನ ಜೊತೆ ಅಷ್ಟು ದಿನ ಒಡನಾಡಿದ ಮೇಲೆ ಅದು ಗಡಸಾಗದೆ ಇರುವುದಿಲ್ಲ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಬೇಳೆಗೂ ಈ ಕ್ಯಾಲ್ಸಿಯಂಗೂ ಏನು ಸಂಬಂಧ? ಬೇಳೆಯೊಳಗಿನ ಒಂದು ಜೀವಕೋಶವನ್ನು ಪಕ್ಕದ್ದಕ್ಕೆ ಅಂಟಿಸಿರುವುದು ಪೆಕ್ಟಿನ್ ಎಂಬ ವಸ್ತು. ಕಲ್ಲಿನ ಗೋಡೆಯಲ್ಲಿ ಗಾರೆ ಇದ್ದ ಹಾಗೆ. ಬೇಯುವುದು ಎಂದರೆ ಈ ಗಾರೆ ಬಿಸಿನೀರಿನಲ್ಲಿ ಕರಗಿ ಕೋಶಗಳು ಬಿಡಿಬಿಡಿಯಾಗುವುದು. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಪೆಕ್ಟಿನ್ನಿನ ಎಳೆಗಳ ನಡುವೆ ಸೇರಿ ಒಂದನ್ನು ಇನ್ನೊಂದಕ್ಕೆ ಬಿಗಿಯುತ್ತದೆ. ಆಗ ನೀವು ಎಷ್ಟು ಸಲ ಕೂಗಿಸಿದರೂ ಬೇಳೆ ಮೆತ್ತಗಾಗಲು ಹಠ ಮಾಡುತ್ತದೆ. ಹುಳಿಯದೂ ಇದೇ ತಂಟೆ: ಹುಳಿಯಲ್ಲಿ ಪೆಕ್ಟಿನ್ ಬೇಗ ಕರಗುವುದಿಲ್ಲ. ಬೇಳೆ ಬೆಂದ ಮೇಲೆಯೇ ಹುಣಿಸೆರಸ ಬಿಡಬೇಕು ಅಂತ ನಿಮ್ಮ ಅಮ್ಮ ಹೇಳಿಕೊಟ್ಟಿರುತ್ತಾರಲ್ಲ, ಅದರ ಹಿಂದಿನ ರಸಾಯನಶಾಸ್ತ್ರ ಇಷ್ಟೇ.

ಅತ್ತೆಯವರ ಸೋಡಾ ಕೆಲಸ ಮಾಡುತ್ತದೆ. ಅದು ನೀರನ್ನು ಕ್ಷಾರದ ಕಡೆಗೆ ಎಳೆದು ಪೆಕ್ಟಿನ್ ಬೇಗ ಒಡೆಯುವಂತೆ ಮಾಡುತ್ತದೆ. ಆದರೆ ಬೇಳೆಯಲ್ಲಿರುವ ಥಯಮಿನ್, ಅಂದರೆ ಬಿ1 ಜೀವಸತ್ವ, ಕ್ಷಾರದಲ್ಲಿ ಕುದಿದರೆ ಹಾಳಾಗುತ್ತದೆ. ಅಪರೂಪಕ್ಕೆ ಕಡಲೆಕಾಳು ನೆನೆಹಾಕುವಾಗ ಚಿಟಿಕೆ ಹಾಕಿ, ಆ ನೀರು ಚೆಲ್ಲಿ ಬೇಯಿಸಿದರೆ ನನ್ನ ತಕರಾರಿಲ್ಲ. ದಿನದ ಸಾರಿಗೆ ಬೇಡ ಎಂದು ಅವರಿಗೆ ಮೆತ್ತಗೆ ಹೇಳಿ.

ಬದಲಿಗೆ ಹೀಗೆ ಮಾಡಿ ನೋಡಿ. ಬೇಳೆಗೆ ಬೇಕಾದಷ್ಟು ನೀರನ್ನು ಮೊದಲು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳ ಕದಡದ ಹಾಗೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಕುದಿಯುವಾಗ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಗಾಳಿ ಹೊರಗೆ ಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಇಳಿಯುತ್ತದೆ. ಪಾತ್ರೆಯಲ್ಲಿ ನೀವು ಕಂಡ ಬಿಳಿ ಪದರ ಅದೇ, ಅದು ಸುಣ್ಣಕಲ್ಲೇ. ಹುಣಿಸೆನೀರನ್ನೋ ನಿಂಬೆರಸವನ್ನೋ ಹಾಕಿ ಬೆಚ್ಚಗೆ ಒಂದು ಗಂಟೆ ಬಿಟ್ಟರೆ ಸಣ್ಣ ಗುಳ್ಳೆಗಳೆದ್ದು ಬಿಡಿಸಿಕೊಳ್ಳುತ್ತದೆ. ಇಷ್ಟು ಮಾಡಿಯೂ ಬೇಳೆ ಬೇಯದಿದ್ದರೆ ನಿಮ್ಮ ನೀರಿನಲ್ಲಿರುವುದು ಸಲ್ಫೇಟ್, ಕ್ಲೋರೈಡ್ ರೂಪದ ಗಡಸುತನ. ಅದು ಕುದಿಸಿದರೆ ಹೋಗದು. ಮಾಳಿಗೆಯ ಮಳೆನೀರನ್ನು ಸೋಸಿ ಹಿಡಿದಿಟ್ಟುಕೊಂಡವರಿಗೆ ಬೇಳೆ ಬೇಯಿಸಲು ಅದಕ್ಕಿಂತ ಒಳ್ಳೆಯ ನೀರು ಇನ್ನೊಂದಿಲ್ಲ. ಎರಡು ವರ್ಷ ಡಬ್ಬಿಯಲ್ಲಿ ಕೂತ ಹಳೆ ಬೇಳೆಯಾದರೆ ಮಾತ್ರ ಎಂಥ ನೀರಿನಲ್ಲೂ ತಡವಾಗಿಯೇ ಬೇಯುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಗಡಸುತನಕ್ಕಿಂತ ದೊಡ್ಡ ಚಿಂತೆ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ಫ್ಲೋರೈಡ್ ಇನ್ನೂ ಹೆಚ್ಚಿದ್ದರೆ ಮೂಳೆಗಳೂ ಕೆಡುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಕಡಿಮೆಯಾಗದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಿ.

ಪ್ರಶ್ನೆ: ಮದುವೆ ಊಟದಲ್ಲಿ ನನ್ನ ಬಿಳಿ ಪಂಚೆಯ ಮೇಲೆ ಹುಳಿ ಚೆಲ್ಲಿತು. ಮನೆಗೆ ಬಂದು ಸೋಪು ಹಚ್ಚಿದ ತಕ್ಷಣ ಹಳದಿ ಕಲೆ ರಕ್ತದಂತೆ ಕೆಂಪಾಯಿತು. ಮೊಮ್ಮಗಳು ಹೆದರಿ ಅತ್ತಳು. ಸೋಪಿನಲ್ಲಿ ಏನಾದರೂ ಕೆಟ್ಟದ್ದಿದೆಯೇ? (ತಿಪಟೂರಿನಿಂದ)

ಸೋಪಿನಲ್ಲಿ ಕೆಟ್ಟದ್ದೇನೂ ಇಲ್ಲ. ಮೊಮ್ಮಗಳನ್ನು ಕರೆದು ಕೂರಿಸಿಕೊಳ್ಳಿ, ಹೆದರಿದ ಮಗುವಿಗೆ ಅದೇ ಆಟವಾಗಲಿ.

ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್ ಎಂಬ ಬಣ್ಣ. ಹುಳಿಯಲ್ಲೂ ಬರೀ ನೀರಿನಲ್ಲೂ ಅದು ಹಳದಿ. ಕ್ಷಾರ ತಗುಲಿದರೆ ಅದರ ಅಣು ಒಂದು ಹೈಡ್ರೋಜನ್ನನ್ನು ಬಿಟ್ಟುಕೊಡುತ್ತದೆ, ಆಗ ಅದು ಹೀರುವ ಬೆಳಕು ಬದಲಾಗಿ ನಮ್ಮ ಕಣ್ಣಿಗೆ ಕೆಂಗಂದು ಕಾಣುತ್ತದೆ. ಬಟ್ಟೆ ಸೋಪು ಕ್ಷಾರ. ಸುಣ್ಣ ಅದಕ್ಕಿಂತ ಬಲವಾದ ಕ್ಷಾರ. ಬಾಣಂತಿಯನ್ನು, ಮದುಮಕ್ಕಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ನಿವಾಳಿಸುವ ಆರತಿ ತಟ್ಟೆಯ ಕೆಂಪು ನೀರು ಬೇರೇನೂ ಅಲ್ಲ, ಅರಿಶಿನದ ನೀರಿಗೆ ಚೂರು ಸುಣ್ಣ ಕದಡಿದ್ದು. ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನು ನಮ್ಮ ಅಜ್ಜಿಯರು ಹೊಸ್ತಿಲಲ್ಲೇ ಮಾಡುತ್ತಿದ್ದರು ಎಂದು ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಮೊಮ್ಮಗಳ ಮುಂದೆ ಒಂದು ಬಟ್ಟಲಲ್ಲಿ ಅರಿಶಿನದ ನೀರು ಮಾಡಿ. ಸೋಪಿನ ನೀರು ಬಿಟ್ಟರೆ ಕೆಂಪು, ಮೇಲೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಎಷ್ಟು ಸಲ ಬೇಕಾದರೂ ಆಚೀಚೆ ಹೋಗಿಬರಬಹುದು. ‘ಹಾಗಾದರೆ ಕುಂಕುಮ ಯಾಕೆ ನಿಂಬೆರಸ ಹಾಕಿದರೂ ಕೆಂಪಾಗಿಯೇ ಇರುತ್ತೆ?’ ಎಂದು ಅವಳು ಕೇಳಿದರೆ ಸಾಮಾನ್ಯ ಹುಡುಗಿಯಲ್ಲ ಎಂದು ತಿಳಿಯಿರಿ. ಅರಿಶಿನದ ಕೊಂಬಿಗೆ ನಿಂಬೆರಸದ ಜೊತೆ ಬಿಳಿಗಾರ ಸೇರಿಸಿ ಕುಂಕುಮ ಮಾಡುವ ಪದ್ಧತಿಯಿದೆ. ಬಿಳಿಗಾರದಲ್ಲಿ ಬೋರಾನ್ ಇದೆ. ಹುಳಿಯ ಸಮ್ಮುಖದಲ್ಲಿ ಬೋರಾನ್ ಕರ್ಕ್ಯುಮಿನ್ ಜೊತೆ ಕೂಡಿ ಬೇರೆಯೇ ಒಂದು ಕೆಂಪು ವಸ್ತುವಾಗುತ್ತದೆ, ಅದು ಹುಳಿಗೆ ಜಗ್ಗುವುದಿಲ್ಲ. ಆರತಿಯ ಕೆಂಪು ಬೇರೆ, ಕುಂಕುಮದ ಕೆಂಪು ಬೇರೆ.

ಪಂಚೆಗೆ: ಕರ್ಕ್ಯುಮಿನ್ ನೀರಿಗಿಂತ ಎಣ್ಣೆಗೆ ಒಲಿಯುವ ಬಣ್ಣ, ಒಗ್ಗರಣೆಯ ಜಿಡ್ಡಿನೊಂದಿಗೆ ನೂಲಿಗೆ ಇಳಿದಿರುತ್ತದೆ. ಮೊದಲು ಜಿಡ್ಡು ತೆಗೆಯುವ ಪಾತ್ರೆ ಲಿಕ್ವಿಡ್ ಹಚ್ಚಿ ಉಜ್ಜಿ, ಜಾಲಿಸಿ, ಒದ್ದೆಯಿದ್ದಾಗಲೇ ಚುರುಕು ಬಿಸಿಲಿಗೆ ಹರಡಿ. ಬೆಳಕು ಈ ಬಣ್ಣವನ್ನು ಒಡೆಯುತ್ತದೆ. ಎರಡು ಬಿಸಿಲಿಗೆ ಕಲೆ ಬಹುತೇಕ ಮಾಯ.

ಪ್ರಶ್ನೆ: ಗೋಡೆಗೆ ಬಳಿಯುವ ಸುಣ್ಣ, ವೀಳ್ಯಕ್ಕೆ ಹಚ್ಚುವ ಸುಣ್ಣ ಒಂದೆಯೇ? ಬಳಿದಾಗ ಮಂಕಾಗಿದ್ದ ಗೋಡೆ ಮರುದಿನ ಬೆಳ್ಳಗಾಗುವುದು ಹೇಗೆ? (ಕುಮಟಾದಿಂದ)

ಮೂಲ ಒಂದೇ. ಬಾಗಲಕೋಟೆ, ಕಲಬುರಗಿ ಕಡೆ ನೆಲದಲ್ಲಿ ಸಿಗುವ ಸುಣ್ಣಕಲ್ಲಾಗಲಿ, ನಿಮ್ಮ ಕರಾವಳಿಯ ಚಿಪ್ಪಾಗಲಿ, ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಬಿಟ್ಟರೆ ಬುಸ್ಸೆಂದು ಕುದಿದು, ಅರಳಿ, ಬೆಣ್ಣೆಯಂಥ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮತ್ತೆ ಎಳೆದುಕೊಂಡು, ನೀರು ಬಿಟ್ಟುಕೊಟ್ಟು, ಪುನಃ ಸುಣ್ಣಕಲ್ಲಾಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ವಾಪಸು ಪಡೆಯುತ್ತದೆ. ಒದ್ದೆಯಿದ್ದಾಗ ಕಣಗಳ ನಡುವೆ ನೀರು ತುಂಬಿಕೊಂಡು ಬೆಳಕು ಒಳಗೆ ಹಾಯುತ್ತದೆ, ಆದ್ದರಿಂದ ಮಂಕು. ಒಣಗಿದಾಗ ಬೆಳಕೆಲ್ಲ ಚದುರಿ ಹಿಂದಕ್ಕೆ ಬರುತ್ತದೆ.

ತಾಂಬೂಲದಲ್ಲಿ ಬಾಯಿ ಕೆಂಪಾಗುವುದೂ ಸುಣ್ಣದ ಕ್ಷಾರದಿಂದಲೇ, ಅಡಕೆಯ ಒಗರಿನ ವಸ್ತುಗಳು ಕ್ಷಾರದಲ್ಲಿ ಬಣ್ಣ ತಾಳುತ್ತವೆ. ಅಡಕೆ ನಾಡಿನವರಿಗೆ ಇದು ಹಿಡಿಸದ ಮಾತು ಎಂದು ಗೊತ್ತಿದ್ದೂ ಹೇಳುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊಗೆಸೊಪ್ಪು ಇಲ್ಲದ ತಾಂಬೂಲವನ್ನೂ, ಅಡಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹಬ್ಬದೂಟದ ತಾಂಬೂಲಕ್ಕೂ ದಿನವಿಡೀ ದವಡೆಯಲ್ಲಿಟ್ಟುಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ಮಕ್ಕಳಿರುವ ಮನೆಯಲ್ಲಿ ಸುಣ್ಣದ ಡಬ್ಬಿ ಎತ್ತರದಲ್ಲಿರಲಿ. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಆಗಲೇ ಚೊಕ್ಕಟ ನೀರನ್ನು ಧಾರೆಯಾಗಿ ಬಿಡುತ್ತಾ ಕನಿಷ್ಠ ಅರ್ಧ ಗಂಟೆ ತೊಳೆಯಿರಿ, ರೆಪ್ಪೆಯ ಸಂದಿನಲ್ಲಿ ಉಳಿದದ್ದನ್ನು ತೆಗೆಯಿರಿ, ಆಮೇಲೆ ಕಣ್ಣಿನ ವೈದ್ಯರಲ್ಲಿಗೆ ಓಡಿ. ಕ್ಷಾರವು ಹುಳಿಗಿಂತ ಆಳಕ್ಕೆ ಇಳಿದು ಕಣ್ಣನ್ನು ಸುಡುತ್ತದೆ. ತೊಳೆಯುವುದು ಮೊದಲು, ಆಸ್ಪತ್ರೆ ಆಮೇಲೆ.

ಪ್ರಶ್ನೆ: ಹಿತ್ತಾಳೆ ತಂಬಿಗೆ ಹುಣಿಸೆಹಣ್ಣಿನಲ್ಲಿ ಫಳಫಳ ಅನ್ನುತ್ತದೆ. ಹಾಗಿದ್ದರೆ ಅದರಲ್ಲೇ ಸಾರು ಮಾಡಬಹುದಲ್ಲ?

ಮಾಡಬಾರದು. ಹುಣಿಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಕಿಲುಬನ್ನು ಕರಗಿಸಿ ತೆಗೆಯುವುದರಿಂದಲೇ ತಂಬಿಗೆ ಹೊಳೆಯುತ್ತದೆ. ತೊಳೆಯುವಾಗ ಕರಗಿದ ತಾಮ್ರ ಚರಂಡಿಗೆ ಹೋಗುತ್ತದೆ, ಸಾರು ಮಾಡಿದರೆ ಹೊಟ್ಟೆಗೆ ಹೋಗುತ್ತದೆ, ವಾಂತಿ ತರಿಸುತ್ತದೆ. ಹಿತ್ತಾಳೆ ಪಾತ್ರೆಯಲ್ಲಿ ಅಡುಗೆ ಮಾಡುತ್ತಿದ್ದವರು ಒಳಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿ ಎಂದರೆ ತವರದ ತೆಳು ಪದರ. ತವರ 232 ಡಿಗ್ರಿಗೇ ಕರಗುತ್ತದೆ, ಆದ್ದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಬಿಡಬೇಡಿ.

ಪ್ರಶ್ನೆ: ಬಚ್ಚಲಿನ ಬಿಳಿ ಕಲೆ ಹೋಗಲೆಂದು ಆಸಿಡ್ ಸುರಿದು, ಸಾಲದೆಂದು ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದೆ. ಗಂಟಲು ಹಿಡಿದು, ಕಣ್ಣು ಉರಿದು, ಹೊರಗೆ ಓಡಿಬಂದೆ. ಏನಾಯಿತು? ಇದೇ ಪೌಡರನ್ನು ನೀರಿನ ಸಂಪಿಗೆ ಹಾಕುತ್ತೇವಲ್ಲ? (ಮೈಸೂರಿನಿಂದ)

ಓಡಿಬಂದಿರಿ, ಅದೇ ನಿಮ್ಮನ್ನು ಉಳಿಸಿತು. ನಿಮ್ಮ ಪತ್ರ ಓದುವಾಗ ನನ್ನ ಎದೆ ಡವಗುಟ್ಟಿತು.

ಬ್ಲೀಚಿಂಗ್ ಪೌಡರನ್ನು ಮಾಡುವುದೇ ಅರಳಿದ ಸುಣ್ಣದ ಪುಡಿಗೆ ಕ್ಲೋರಿನ್ ಅನಿಲ ಹೀರಿಸಿ. ಸುಣ್ಣದ ಕ್ಷಾರ ಆ ಅನಿಲವನ್ನು ಹಿಡಿದಿಟ್ಟುಕೊಂಡಿರುತ್ತದೆ. ಆಸಿಡ್ ಆ ಹಿಡಿತವನ್ನು ಒಂದೇ ಏಟಿಗೆ ಬಿಡಿಸುತ್ತದೆ, ಕ್ಲೋರಿನ್ ಭುಸ್ಸನೆ ಹೊರಬೀಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಎದುರಾಳಿಗಳ ಕಂದಕಗಳ ಮೇಲೆ ಬಿಟ್ಟದ್ದು ಇದೇ ಅನಿಲ. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ್ದರಿಂದ ನೆಲಮಟ್ಟದಲ್ಲೇ ತಂಗುತ್ತದೆ, ಬಗ್ಗಿ ಉಜ್ಜುವವರ ಮೂಗಿನ ಎತ್ತರದಲ್ಲಿ. ಟಾಯ್ಲೆಟ್ ಕ್ಲೀನರ್ ಬಾಟಲಿಗಳಲ್ಲೂ ಹಲವದರಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲವೇ, ಆದ್ದರಿಂದ ಅವನ್ನೂ ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಬಾರದು. ಅಮೋನಿಯ ಇರುವ ಕ್ಲೀನರ್ ಜೊತೆಯೂ ಬೇಡ, ಅಲ್ಲಿ ಹುಟ್ಟುವುದು ಇನ್ನೊಂದು ವಿಷಗಾಳಿ.

ಹಾಗೇನಾದರೂ ಆದರೆ ಒಳಗೆ ನಿಂತು ತೊಳೆಯಲು ಹೋಗಬೇಡಿ. ಹೊರಗೆ ಬನ್ನಿ, ದಾರಿಯಲ್ಲಿರುವ ಬಾಗಿಲು ಕಿಟಕಿ ತೆರೆಯಿರಿ, ತೆರೆದ ಗಾಳಿಯಲ್ಲಿ ಕೂರಿ. ಕೆಮ್ಮು ನಿಲ್ಲದಿದ್ದರೆ, ಎದೆ ಬಿಗಿದರೆ 108ಕ್ಕೆ ಫೋನ್ ಮಾಡಿ. ಶ್ವಾಸಕೋಶದ ತೊಂದರೆ ಕೆಲವೊಮ್ಮೆ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತದೆ, ಈಗ ಸರಿಯಾಯಿತಲ್ಲ ಎಂದು ಮಲಗಿಬಿಡಬೇಡಿ. ಬಚ್ಚಲಿನ ಆ ಬಿಳಿ ಕಲೆ ಚಿಂತಾಮಣಿಯ ಪಾತ್ರೆಯಲ್ಲಿದ್ದ ಸುಣ್ಣಕಲ್ಲೇ. ಅದಕ್ಕೆ ನಿಂಬೆಹುಳಿ ಸಾಕು, ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ಉಜ್ಜಿ.

ಸಂಪಿಗೆ ಹಾಕುವ ಪ್ರಮಾಣ ಬಹಳ ಸಣ್ಣದು. ತಿಳಿಯಾದ 1000 ಲೀಟರ್ ನೀರಿಗೆ ಒಳ್ಳೆಯ ಗುಣಮಟ್ಟದ ಪುಡಿ ಸುಮಾರು 2.5 ಗ್ರಾಂ ಸಾಕು. ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿಯಿರಿ, ಒಂದು ಗಂಟೆ ಬಿಟ್ಟು ಬಳಸಿ. ತೇವ ಹಿಡಿದು ಗಂಟುಗಟ್ಟಿದ, ವಾಸನೆ ಹೋದ ಹಳೇ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿ ಉಳಿದಿರುವುದು ಹೆಚ್ಚಾಗಿ ಸುಣ್ಣ. ಅದನ್ನು ಸಂಪಿಗೆ ಹಾಕಿ ನೀರು ಶುದ್ಧವಾಯಿತೆಂದು ನಂಬಬೇಡಿ, ಹೊಸ ಪೊಟ್ಟಣ ತನ್ನಿ. ಅದನ್ನು ಆಸಿಡ್ ಬಾಟಲಿ ಇರುವ ಕಪಾಟಿನಲ್ಲಿ ಮಾತ್ರ ಇಡಬೇಡಿ.